ಲಕ್ಷ ಮಂದಿಗೆ ಸಂಡಾಸ ಎಷ್ಟು?

ನಮ್ಮ ಸೋದರತ್ತೆಗೆ ದೇವರಲ್ಲಿ ಭಕ್ತಿ ಕಡಿಮೆಯಿತ್ತು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಭಕ್ತಿ ಇತ್ತು, ಬೇಕಾದಷ್ಟಿತ್ತು. ಆದರೆ ಯಾವ ಗುಡಿಗೆ ಹೋಗಲಿ, ಯಾವ ಇಗರ್ಜಿಗೆ ಹೋಗಲಿ, ಯಾವ ದರ್ಗಾಕ್ಕೆ ಹೋಗಲಿ, ಆಕೆ ಮೊದಲು ದರ್ಶನ ಪಡೆಯುತ್ತಿದ್ದುದು ಅಲ್ಲಿನ ಸಂಡಾಸಿನದು! ಎರಡನೆಯದು ಕುಡಿಯುವ ನೀರಿನ ಡ್ರಮ್ಮಿನದು. ಇವೆರಡೂ ಮನಸ್ಸಿಗೆ ಒಪ್ಪಿದರೆ ಮಾತ್ರ ದೇವರ ಪಾಳಿ ಬರುತ್ತಿತ್ತು.

ಬಿಜಾಪುರದ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಬಂದ ನಮ್ಮಪ್ಪ ಗೋವಾದ ಮ್ಹಾಪಸಾ ಊರಿನ ಒಂದು ಚಾಳಿನಲ್ಲಿ ಸಂಸಾರ ಹೂಡಿದ್ದ. ಗಂಡನನ್ನು ಕಳೆದುಕೊಂಡ ಅತ್ತೆ ಅಣ್ಣನ ಬೆನ್ನು ಹಿಡಿದು ಬಂದವಳು ಅಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿಕೊಂಡಳು. ಆಯಾ ಎಂದರೆ ಸಿಟ್ಟು. ಯಾರಾದರೂ ಕೇಳಿದರೆ "ನಾ ದವಾಖಾನ್ಯಾಗ ಅದೀನ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಕೇಳಿದವರು ಡಾಕ್ಟರೆಂದುಕೊಂಡರೆ ಅದು ಅವರ ಹಣೆಬರಹ.

ಉಳಿದವರಿಗೆ ರೋಗವೆಂದರೆ ಭಯ. ನಮ್ಮತ್ತೆಗೆ ಅದು ಬಂದ ದಾರಿಯ ಮೇಲೆ ಕುತೂಹಲ. ಚಾಳಿನಲ್ಲಿ ಒಬ್ಬನ ಹೊಟ್ಟೆ ಕೆಟ್ಟಿತೆಂದರೆ ಸಾಕು, ಪೊಲೀಸರೂ ನಾಚುವಂತೆ ತನಿಖೆ ಶುರುವಾಗುತ್ತಿತ್ತು. ಏನು ತಿಂದೆ? ಎಲ್ಲಿ ತಿಂದೆ? ಬಡಿಸಿದವನ ಉಗುರು ನೋಡಿದೆಯಾ? ಯಾರು ಊಟಕ್ಕೆ ಕುಳಿತು ಬಡಿಸುವವನ ಉಗುರು ನೋಡುತ್ತಾರೆ ಹೇಳಿ? ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅತ್ತೆ ನಾಪತ್ತೆಯಾದಳು. ಹುಡುಕಿದರೆ ಅಡುಗೆಮನೆಯ ಹಿಂದೆ, ಹಂಡೆಯೊಳಗೆ ತೋಳು ಬಿಟ್ಟು ತಳ ಸವರುತ್ತಿದ್ದಳು. ಆ ಮದುವೆಯಲ್ಲಿ ಹುಡುಗಿ ಹೇಗಿದ್ದಳೆಂದು ಕೇಳಿದರೆ ಆಕೆಗೆ ಇವತ್ತಿಗೂ ಗೊತ್ತಿರಲಾರದು. ಹಂಡೆಯ ತಳದಲ್ಲಿ ಪಾಚಿ ಇದ್ದದ್ದು ಮಾತ್ರ ಊರಿಗೆಲ್ಲ ಗೊತ್ತಾಯಿತು.

ಒಂದು ಡಿಸೆಂಬರಿನಲ್ಲಿ ಹಳೇ ಗೋವಾದ ಇಗರ್ಜಿಯ ದೊಡ್ಡ ಫೆಸ್ತಿಗೆ ಹೋಗಿದ್ದೆವು. ಮಂದಿಯೆಂದರೆ ಮಂದಿ. ಅತ್ತೆ ನೇರ ಒಬ್ಬ ವಯಸ್ಸಾದ ಪಾದ್ರಿಯ ಎದುರು ಹೋಗಿ ನಿಂತು, ಕೈ ಮುಗಿದು, ತನಗೆ ಬರುತ್ತಿದ್ದ ಕೊಂಕಣಿಯನ್ನೆಲ್ಲ ಒಟ್ಟುಗೂಡಿಸಿ ಇಲ್ಲಿ ಸಂಡಾಸ ಎಷ್ಟಿವೆ ಎಂದು ಕೇಳಿದಳು. ಪಾಪ, ಆ ಪಾದ್ರಿಗೆ ಈಕೆಯ ಸಂಶೋಧನೆ ಹೇಗೆ ತಿಳಿಯಬೇಕು? ಹೆಂಗಸಿಗೆ ಅವಸರವಾಗಿದೆ ಎಂದುಕೊಂಡು, ಮಂದಿಯನ್ನು ಸರಿಸುತ್ತ ಸರಿಸುತ್ತ, ತಾವೇ ಮುಂದಾಗಿ ತಮ್ಮ ವಾಸದ ಕಟ್ಟಡದವರೆಗೂ ಕರೆದುಕೊಂಡು ಹೋದರು. ಅತ್ತೆ ಒಳಗೆ ಹೋಗಿ, ಎಲ್ಲವನ್ನೂ ಕಣ್ತುಂಬ ನೋಡಿ ಹೊರಬಂದಳು.

"ಚಲೋ ಇಟ್ಟೀರಿ ಪಾದ್ರಿ ಬಾಬಾ. ನಳ ಒಂದ ಸೋರಾಕತ್ತೈತಿ, ವಾಶರ್ ಹಾಕಸ್ರಿ."

ಪಾದ್ರಿ ಇವಳನ್ನೂ ನನ್ನನ್ನೂ ನೋಡಿ, ಆಮೇಲೆ ಮೇಲಕ್ಕೆ ನೋಡಿದರು.

ಇಂಥವಳ ಜೀವದ ಗೆಳತಿ ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಂಗಸು. ಆಕೆಯೂ ಬಿಜಾಪುರದ ಕಡೆಯವಳೇ. ಅತ್ತೆ ಅವಳನ್ನು ಬೂಬು ಎನ್ನುತ್ತಿದ್ದಳು, ನಾವು ಚಾಚಿ. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಅದೂ ಹಂಚಿನವರೆಗೆ ಮುಟ್ಟಿರಲಿಲ್ಲ. ಅತ್ತೆ ಈ ಕಡೆ ರೊಟ್ಟಿ ಬಡಿಯುತ್ತ, ಚಾಚಿ ಆ ಕಡೆ ಕೌದಿ ಹೊಲಿಯುತ್ತ, ಆ ಸಂದಿನಿಂದ ಇಪ್ಪತ್ತು ವರ್ಷ ಮಾತಾಡಿದ್ದಾರೆ. ಇಷ್ಟು ಮಾತು ಎಲ್ಲಿಂದ ತರುತ್ತಾರಪ್ಪ ಎಂದು ನಮ್ಮಪ್ಪ ಹಾಸಿಗೆಯ ಮೇಲೆ ಹೊರಳಾಡುತ್ತಿದ್ದ.

ಎಂಬತ್ತರ ದಶಕ ಆಗಷ್ಟೇ ಮುಗಿದಿದ್ದ ಕಾಲ. ನಾನು ಆಗಲೇ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಗೋಡೆಯಾಚೆಯಿಂದ ಸುದ್ದಿ ಬಂತು: ಚಾಚಿ ಮಗನ ಜೊತೆ ಹಜ್‌ಗೆ ಹೊರಟಿದ್ದಾಳೆ. ಮುಂಬಯಿಯಿಂದ ಹಡಗು. ಇಡೀ ಚಾಳು ಅವಳ ಮನೆಗೆ ನುಗ್ಗಿತು. ಒಬ್ಬಳಿಗೆ ಮಗನ ನೌಕರಿಗೆ ದುವಾ ಬೇಕು, ಇನ್ನೊಬ್ಬಳಿಗೆ ಸೊಸೆಗೆ ಕೂಸು. ಕೊನೆಗೆ ನಮ್ಮತ್ತೆಯ ಸರದಿ.

"ಬೂಬು, ಅಲ್ಲಿ ಎಷ್ಟ ಮಂದಿ ಕೂಡತಾರ?"

"ಯಾರಿಗೆ ಗೊತ್ತ ತಂಗಿ. ಲಕ್ಷಗಟ್ಟಲೆ."

"ಲಕ್ಷ ಮಂದಿಗೆ ಸಂಡಾಸ ಎಷ್ಟ?"

ಸ್ವರ್ಗದ ಬಾಗಿಲಲ್ಲಿ ನಿಂತವರನ್ನು ಕೇಳುವ ಪ್ರಶ್ನೆಯೇ ಇದು? ಚಾಚಿಯ ಮಗ ತಲೆ ಕೆರೆದುಕೊಂಡ. ಚಾಚಿ ಮಾತ್ರ ನಕ್ಕು, "ನಾ ಹೋಗಿ ನೋಡ್ಕೊಂಡ ಬಂದ ಹೇಳತೇನಿ" ಎಂದಳು.

ಅತ್ತೆಗೆ ಅಷ್ಟು ದಿನ ಕಾಯುವ ತಾಳ್ಮೆ ಎಲ್ಲಿಯದು? ಮರುದಿನವೇ ನನ್ನನ್ನು ಎಳೆದುಕೊಂಡು ಮಾರ್ಕೆಟ್ಟಿನ ಬಳೆ ಅಂಗಡಿಗೆ ಹೋದಳು. ಅಂಗಡಿಯ ಹಾಜಿ ಸಾಹೇಬರು ಹಿಂದೊಮ್ಮೆ ಹೋಗಿಬಂದವರು. ಅವರು ಧಾರವಾಡದ ಕಡೆಯವರು, ಮೆತ್ತನೆ ಮಾತು.

"ಸಂಡಾಸ ಅದಾವವಾ. ಸರತಿ ಭಾಳ ಉದ್ದ. ಆದ್ರ ಖರೇ ಹೇಳಬೇಕಂದ್ರ ಅಂಜಿಕಿ ಅದರದಲ್ಲ, ಬಿಸಲಿಂದು. ನಿಂತ ನಿಂತಲ್ಲೆ ಮಂದಿ ಬೀಳತಾರ. ಮತ್ತ ಡೇರೆದಾಗ ಒಬ್ಬಾಂವ ಕೆಮ್ಮಿದ ಅಂದ್ರ ಮುಂಜಾನಿ ತನಕಾ ಎಲ್ಲಾರೂ ಕೆಮ್ಮತಾರ. ಒಂದ ವರ್ಷ ಮೆದುಳಿನ ಜ್ವರನೂ ಹಬ್ಬಿತ್ತಂತ. ಅದಕ್ಕ ಈಗ ಸೂಜಿ ಮಾಡಿಸ್ಕೊಂಡ ಹೋಗಬೇಕು."

"ಕುರಿ ಕೊಯ್ತಾರಲ್ರಿ, ಅದರ ಕಸ?"

"ಒಯ್ದ ಹುಗೀತಾರ."

"ಎಷ್ಟ ಆಳ?"

ಹಾಜಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟ ವರ್ಷದಾಗ ನಂಗ ಎಲ್ಲಾರೂ ಕಾಬಾ ಹೆಂಗ ಐತಿ ಅಂತ ಕೇಳ್ಯಾರ. ಕುಣಿ ಎಷ್ಟ ಆಳ ಅಂತ ನೀನ ಮೊದಲನೇಕಿ. ಕೂಡವಾ, ಚಹಾ ಕುಡಿ."

ಅತ್ತೆ ಕುಳಿತಳು. ಚಹಾ ಬಂದ ಮೇಲೆ ಲೋಟ ಎತ್ತಿ ಅದರ ತಳ ನೋಡಿದಳು.

ಸೂಜಿಯ ದಿನ ಇನ್ನೊಂದು ಪ್ರಸಂಗ. ಚಾಚಿಗೆ ಸೂಜಿ ಎಂದರೆ ಜೀವ ಹೋಗುತ್ತಿತ್ತು. ಧೈರ್ಯಕ್ಕೆಂದು ಅತ್ತೆ ಜೊತೆಗೆ ಹೋದಳು, ಅತ್ತೆಯನ್ನು ಹಿಡಿಯಲೆಂದು ನಾನು. ಚಾಚಿಗೆ ಚುಚ್ಚಿ, ಸಣ್ಣ ಪುಸ್ತಕದಲ್ಲಿ ಶಿಕ್ಕಾ ಒತ್ತಿದ್ದಾಯಿತು. ಡಾಕ್ಟರು ತಲೆ ಎತ್ತಿ ನೋಡಿದರೆ ಅತ್ತೆ ರವಿಕೆಯ ತೋಳು ಮೇಲೆ ಸರಿಸಿಕೊಂಡು ಕುಳಿತಿದ್ದಾಳೆ!

"ನೀವೂ ಹಜ್‌ಗೆ ಹೋಗುವವರಾ?"

"ಇಲ್ರಿ. ಆಕಿ ವಾಪಸ್ ಬರೋದು ನನ್ನ ಬಾಜೂ ಮನಿಗಿ."

ಡಾಕ್ಟರು ನಗಲು ಬಾಯಿ ತೆರೆದವರು ಹಾಗೇ ನಿಂತರು. ಮಾತು ಸರಿಯಾಗಿದೆ, ಆದರೆ ಔಷಧ ಹೋಗುವವರಿಗಷ್ಟೇ ಬಂದಿದೆ ಎಂದರು. ಅತ್ತೆ ತೋಳು ಇಳಿಸಿಕೊಂಡಳು. ದಾರಿಯುದ್ದಕ್ಕೂ "ಮಾತ ಸರಿ ಐತಿ ಅಂದ್ರ ನೋಡು" ಎಂದು ನನಗೆ ಏಳು ಸಲ ಹೇಳಿದಳು.

ಆಮೇಲೆ ತಾಲೀಮು ಶುರು. ಮಧ್ಯಾಹ್ನದ ಬಿಸಿಲಿನಲ್ಲಿ ಚಾಚಿ ಛತ್ರಿ ಹಿಡಿದು ಚಾಳಿನ ಬಾವಿ ಸುತ್ತಬೇಕು. ಪ್ರತಿ ಸುತ್ತಿಗೂ ಉಪ್ಪು ಸಕ್ಕರೆ ಕಲಸಿದ ನೀರು ಎರಡು ಗುಟುಕು. ಕೊನೆಗೆ ನೂಕುನುಗ್ಗಲಿನ ಪಾಠ. ಅದಕ್ಕೆ ಮ್ಹಾಪಸಾದ ಶುಕ್ರವಾರದ ಸಂತೆಗಿಂತ ಒಳ್ಳೆಯ ಶಾಲೆ ಎಲ್ಲಿ ಸಿಗಬೇಕು? ಒಣಮೀನು ಮಾರುವ ಸಾಲಿನ ಬಾಯಿಯಲ್ಲಿ ನಿಂತು ಅತ್ತೆ ಕಲಿಸಿದಳು.

"ಮಂದಿ ನೂಕಿದ್ರ ಎದುರ ನೂಕಬ್ಯಾಡ. ಕೈ ಎದಿ ಮುಂದ ಹಿಡಿ. ಓರೆಯಾಗಿ ಅಂಚಿಗಿ ಸರಿ. ಚಪ್ಪಲಿ ಹೋದ್ರ ಬಗ್ಗಬ್ಯಾಡ. ನಾ ಮಾಡಿ ತೋರಸ್ತೇನಿ ನೋಡು."

ತೋರಿಸುತ್ತೇನೆಂದು ಮಂದಿಯೊಳಗೆ ಹೊಕ್ಕವಳು ಹೊಕ್ಕಳು. ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ಕೊನೆಗೆ ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿ ತಂದವಳು ಚಾಚಿಯೇ. ಅತ್ತೆಯ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಗ್ಗಲಿಲ್ಲ ನೋಡು" ಎಂದಳು ಅತ್ತೆ.

ಇಷ್ಟೆಲ್ಲ ನಗೆಯಾಟವಾದರೂ ಹೊರಡುವ ಹಿಂದಿನ ದಿನ ಸಂಜೆ ಅತ್ತೆ ಚಾಚಿಯ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಮುಚ್ಚಲು ಬಿಡಲಿಲ್ಲ, ತೆರೆಯಲೂ ಬಿಡಲಿಲ್ಲ.

"ಹೋಗಬ್ಯಾಡ ಬೂಬು."

"ಹಂಗ ಅನಬಾರದ ತಂಗಿ. ಜನ್ಮದಾಗ ಒಮ್ಮೆ."

"ಆಂವನೂ ಹಂಗ ಅಂದಾಂವ. ಒಮ್ಮೆ ವಾರಿಗೆ ಹೋಗಿ ಬರ್ತೇನಿ ಅಂದ. ಬುತ್ತಿ ಕಟ್ಟಿ ಕಳಿಸಿದಾಕಿ ನಾನ. ವಾಂತಿಭೇದಿ ಹತ್ತಿ ಅಲ್ಲೆ ಹೋದ. ಮಂದಿ ಬಂದ ಹೇಳಿದ್ರು. ನಾ ಮುಖಾ ನೋಡಲಿಲ್ಲ."

ನಮ್ಮ ಮಾವ ವಾರಿಯ ಯಾತ್ರೆಗೆಂದು ಪಂಢರಪುರಕ್ಕೆ ನಡೆದು ಹೋದವನು ತಿರುಗಿ ಬರಲಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಅತ್ತೆಯ ಬಾಯಿಂದ ಆ ಮಾತು ಕೇಳಿದ್ದು ಅವತ್ತೇ. ಹಂಡೆಯ ತಳ ಸವರುವ ಆ ತೋಳನ್ನು ನೆನೆದು ನಾವೆಲ್ಲ ಎಷ್ಟು ನಕ್ಕಿದ್ದೆವು ಎಂದು ನನಗೆ ನಾಚಿಕೆಯಾಯಿತು. ಚಾಚಿ ಟ್ರಂಕಿನ ಮೇಲೆ ಅವಳ ಪಕ್ಕದಲ್ಲೇ ಕುಳಿತಳು. ಟ್ರಂಕು ತಗ್ಗಿತು. ಆಮೇಲೆ ಇಬ್ಬರೂ ಸೇರಿ ಅದರ ಕೊಂಡಿ ಸರಿಮಾಡಿದರು.

ಮುಂಬಯಿ ಬಸ್ಸಿನ ಕಿಟಕಿಯಲ್ಲಿ ಎಲ್ಲರೂ ಹೂಮಾಲೆ ಕೊಟ್ಟರೆ ಅತ್ತೆ ಸಾಬೂನು ಕೊಟ್ಟಳು.

ಚಾಚಿ ಹೋದ ಮೇಲೆ ಗೋಡೆಯಾಚೆ ಸದ್ದಿಲ್ಲ. ನಮ್ಮಪ್ಪನಿಗೇ ನಿದ್ದೆ ಬರಲಿಲ್ಲವೆಂದರೆ ನೋಡಿ! ಅತ್ತೆ ರೊಟ್ಟಿ ಬಡಿಯುತ್ತ ಒಮ್ಮೊಮ್ಮೆ ಮರೆತು ಮೇಲಿನ ಸಂದಿನ ಕಡೆ ಮುಖ ಮಾಡಿ ಮಾತು ಶುರುಮಾಡುತ್ತಿದ್ದಳು, ನಡುವೆಯೇ ನಿಲ್ಲಿಸುತ್ತಿದ್ದಳು. ಒಂದು ದಿನ ರೇಡಿಯೊದಲ್ಲಿ ಸುದ್ದಿ ಬಂತು: ಅಲ್ಲಿ ನೂಕುನುಗ್ಗಲಾಗಿ ಬಹಳ ಮಂದಿ ತೀರಿಕೊಂಡಿದ್ದಾರೆ. ಹೆಸರುಗಳಿಲ್ಲ. ಅತ್ತೆ ತಾಟಿನ ಮುಂದಿನಿಂದ ಎದ್ದವಳು ಸರಿಯಾಗಿ ಊಟ ಮಾಡಿದ್ದು ಹನ್ನೊಂದು ದಿನದ ನಂತರ. ದಿನಾ ಸಂಜೆ ಬಳೆ ಅಂಗಡಿಗೆ ಹೋಗಿ ನಿಲ್ಲುತ್ತಿದ್ದಳು. ಹಾಜಿ ಸಾಹೇಬರು ಸುದ್ದಿ ಬಂದಿಲ್ಲವೆಂದು ತಲೆಯಾಡಿಸುತ್ತಿದ್ದರು, ಇವಳು ವಾಪಸು ಬರುತ್ತಿದ್ದಳು. ಹನ್ನೊಂದನೆಯ ದಿನ ಅವರೇ ಅಂಗಡಿ ಬಿಟ್ಟು, ಮಳೆಯಲ್ಲಿ ನೆನೆಯುತ್ತ ಚಾಳಿಗೆ ಬಂದರು. ಚಾಚಿಯ ಮಗನ ತಾರು ಅಂಗಡಿಗೆ ಬಂದಿತ್ತು. ತಾಯಿ ಮಗ ಇಬ್ಬರೂ ಕ್ಷೇಮ.

"ಇನ್ನ ಉಣ್ಣವಾ" ಎಂದರು ಅಷ್ಟೇ. ಯಾರು ಹೇಳಿದ್ದರೋ ಅವರಿಗೆ!

ಚಾಚಿ ಬಂದಿಳಿದ ದಿನ, ಹಜ್ ಮಾಡಿಬಂದ ಹಜ್ಜಾಣಿಯನ್ನು ಅಪ್ಪಿಕೊಳ್ಳಲು, ಕೈಗೆ ಮುತ್ತಿಡಲು ಇಡೀ ಓಣಿ ನೆರೆಯಿತು. ಚಾಚಿ ಅರ್ಧ ಆಳಾಗಿದ್ದಳು, ಎದೆ ಬಿರಿಯುವ ಕೆಮ್ಮು ಬೇರೆ. ಬಾಗಿಲಲ್ಲಿ ಅತ್ತೆ ಬೋಗುಣಿ, ಸಾಬೂನು ಹಿಡಿದು ನಿಂತಳು.

"ದೂರಿಂದ ಸಲಾಮ್ ಮಾಡ್ರಿ. ಅಪ್ಪಿಕೊಳ್ಳೋದ ಎಂಟ ದಿನ ಬಿಟ್ಟ. ಒಳಗ ಬರಾವ್ರು ಕೈ ತೊಳ್ಕೋರಿ, ಹೋಗಾವ್ರೂ ತೊಳ್ಕೋರಿ."

ಕೆಲವರಿಗೆ ಸಿಟ್ಟು ಬಂತು. ಪುಣ್ಯ ಪಡೆಯಲು ಬಂದವರನ್ನು ತಡೆಯಲು ಈಕೆ ಯಾರು? ಹಾಜಿ ಸಾಹೇಬರು ಮುಂದೆ ಬಂದರು, ತೋಳು ಮಡಚಿ ಬೋಗುಣಿಗೆ ಕೈ ಒಡ್ಡಿದರು. ಅವರ ಹಿಂದೆ ಸಾಲು ನಿಂತಿತು. ಆ ಮಳೆಗಾಲದಲ್ಲಿ ನಮ್ಮ ಓಣಿಯ ಕೈಗಳಷ್ಟು ಸ್ವಚ್ಛವಾದ ಕೈಗಳು ಇಡೀ ಗೋವಾದಲ್ಲಿ ಇರಲಿಲ್ಲ ಎಂದು ನಾನು ಪಣ ಕಟ್ಟುತ್ತೇನೆ.

ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಅತ್ತೆ ತಾನೇ ಒಳಗೆ ಹೋಗಿ ಚಾಚಿಯ ಹಾಸಿಗೆಗೆ ಹತ್ತಿ ಕುಳಿತಳು. ಎಂಟು ದಿನದ ಕಾಯಿದೆ ತನಗಲ್ಲವೇನೋ. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಚಾಚಿ ಕೆಮ್ಮುತ್ತ ಕೆಮ್ಮುತ್ತ ಸಂಡಾಸಿನ ಲೆಕ್ಕ, ನಳದ ಲೆಕ್ಕ, ಕಸ ಹೊಡೆಯುವವರು ಯಾವ ಯಾವ ದೇಶದವರು ಎಂಬುದನ್ನೆಲ್ಲ ಒಪ್ಪಿಸಿದಳು. ಅತ್ತೆ ಹೂಂಗುಡುತ್ತಿದ್ದಳು. ಲೆಕ್ಕವೆಲ್ಲ ಮುಗಿದ ಮೇಲೆ ಕೇಳಿದಳು.

"ಅಲ್ಲೆ ಸತ್ತಾವ್ರನ್ನ ಏನ ಮಾಡತಾರ ಬೂಬು? ಗುರುತಿನವರು ಇಲ್ಲದಾವ್ರನ್ನ?"

"ಅಲ್ಲೇ ಮಣ್ಣ ಮಾಡತಾರ. ಆದ್ರ ನೋಡು ತಂಗಿ, ಹೊತ್ತ ಹೊತ್ತಿನ ನಮಾಜ್ ಆದ ಮ್ಯಾಲೆ ಅವತ್ತ ತೀರಿಕೊಂಡಾವ್ರಿಗೆ ಎಲ್ಲಾರೂ ನಿಂತ ದುವಾ ಮಾಡತಾರ. ಯಾವ ಊರು, ಯಾರ ಪೈಕಿ, ಯಾರಿಗೂ ಗೊತ್ತಿಲ್ಲ. ಲಕ್ಷ ಮಂದಿ ನಿಲ್ಲತಾರ. ನಾನೂ ದಿನಾ ನಿಂತೆ."

ಚಾಚಿ ಅತ್ತೆಯ ಕೈ ಹಿಡಿದುಕೊಂಡಳು.

"ಒಂದಿನ ನಿನ್ನ ಗಂಡನ ನೆನಸ್ಕೊಂಡ ನಿಂತೆ. ಹಂಗ ಮಾಡಬೇಕೋ ಮಾಡಬಾರದೋ, ನಾ ಯಾರನ್ನೂ ಕೇಳಾಕ ಹೋಗಲಿಲ್ಲ. ಹೆಸರ ತಗೊಂಡ ಬೇಡಬೇಕಂತ ಮಾಡಿದ್ನಿ. ಇಪ್ಪತ್ತ ವರ್ಷದಾಗ ನೀ ಒಮ್ಮೆನೂ ಹೆಸರ ಹೇಳಿಲ್ಲ ನಂಗ. ಬರೇ ತಂಗೀ ಗಂಡ ಅಂದೆ."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಹಾಡಿನ ಸಾಲಿನಲ್ಲಿ ಅಡಗಿಸಿ, ನಾಚಿಕೊಂಡು ಹೇಳುತ್ತಾರೆ. ಅವನು ಸತ್ತ ಮೇಲೂ ಹೇಳುವುದಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ತಲೆ ತಗ್ಗಿಸಿ, ಒಡಪಿಲ್ಲದೆ, ಬರೇ ಹೆಸರನ್ನು ಮೆಲ್ಲಗೆ ಹೇಳಿದಳು. ಚಾಚಿ ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿ ನೋಡಿದಳು.

"ಹಂಗಲ್ಲ" ಎಂದಳು ಅತ್ತೆ. ಈ ಸಲ ತಲೆ ಎತ್ತಿ, ಬಾಗಿಲ ಕಡೆ ನೋಡುತ್ತ, ಹೊಲದಲ್ಲಿದ್ದವನನ್ನು ಊಟಕ್ಕೆ ಕರೆಯುವ ಹಾಗೆ ಗಟ್ಟಿಯಾಗಿ ಆ ಹೆಸರು ಹಿಡಿದು ಕರೆದಳು.