ಯಜಮಾನರ ಮೂರಿಂಚು

ಹಾಸಿಗೆ ಅಂಗಡಿಯ ಯಜಮಾನರಿಗೆ ಒಂದು ವಿದ್ಯೆ ಕರಗತವಾಗಿತ್ತು. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಆಸಾಮಿಯ ಉದ್ದ ಎಷ್ಟು, ಎಷ್ಟಡಿಯ ಹಾಸಿಗೆ ಕೊಟ್ಟರೆ ಕಾಲು ಹೊರಗೆ ಚಾಚುವುದಿಲ್ಲ ಎಂಬುದನ್ನು ಕಣ್ಣಲ್ಲೇ ಅಳೆದು ಹೇಳುತ್ತಿದ್ದರು. ಅರ್ಧ ಇಂಚೂ ಆಚೀಚೆ ಆಗುತ್ತಿರಲಿಲ್ಲ. ಲೋಕವನ್ನೆಲ್ಲ ಹೀಗೆ ಅಳೆದ ಪುಣ್ಯಾತ್ಮರು ತಮ್ಮ ಸ್ವಂತ ಅಳತೆಯಲ್ಲಿ ಮಾತ್ರ ಒಂದು ಸಣ್ಣ ತಪ್ಪನ್ನು ಹದಿನಾರು ವರ್ಷಗಳಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಇದ್ದದ್ದು ಐದಡಿ ಐದಿಂಚು. ಮದುವೆ ಮಾತುಕತೆಯಲ್ಲಿ ಹೇಳಿದ್ದು ಐದಡಿ ಎಂಟಿಂಚು. (ವ್ಯಾಪಾರಿಯಾದವನು ಮಾಲನ್ನು ಸ್ವಲ್ಪ ಹೊಗಳಬೇಕು. ಮಾಲು ತಾನೇ ಆದಾಗ ಇನ್ನೂ ಸ್ವಲ್ಪ.)

ಮೂರಿಂಚನ್ನು ಸಾಕುವುದು ಆನೆಯನ್ನು ಸಾಕಿದಷ್ಟೇ ಕಷ್ಟ. ದಪ್ಪ ಅಟ್ಟೆಯ ಬೂಟು ಬೇಕು. ಬೀದಿಯಲ್ಲಿ ಹೆಂಡತಿಗಿಂತ ಎರಡು ಹೆಜ್ಜೆ ಮುಂದೆ ನಡೆಯಬೇಕು. ಕನ್ನಡಿಯ ಮುಂದೆ ಇಬ್ಬರೂ ಒಟ್ಟಿಗೆ ನಿಲ್ಲುವ ಪ್ರಸಂಗ ಬಂದರೆ ತಕ್ಷಣ ಪಕ್ಕದ ಕೋಣೆಯಲ್ಲಿ ಏನೋ ಕೆಲಸ ನೆನಪಾಗಬೇಕು. ಇಷ್ಟೆಲ್ಲ ಮಾಡಿ ಉಳಿಸಿಕೊಂಡಿದ್ದ ಆಸ್ತಿಗೆ ಸಂಚಕಾರ ಬಂದದ್ದು ಮಗನ ಫುಟ್‌ಬಾಲ್ ಕ್ಲಬ್ಬಿನಿಂದ.

ಹದಿಮೂರು ವರ್ಷದ ಮಗನಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಕ್ಲಬ್ಬಿನ ಕೋಚ್ ಒಂದು ಹೊಸ ಪದ್ಧತಿ ತಂದಿದ್ದರು. ಇನ್ನು ಮೇಲೆ ಹುಡುಗರನ್ನು ಹುಟ್ಟಿದ ವರ್ಷ ನೋಡಿ ಗುಂಪು ಮಾಡುವುದಿಲ್ಲ. ಮೈ ಎಷ್ಟು ಬಲಿತಿದೆ ಎಂದು ನೋಡಿ ಮಾಡುತ್ತಾರೆ. "ಹಣ್ಣನ್ನ ಕೊಯ್ದ ತಾರೀಕು ನೋಡಿ ಬೇರೆ ಮಾಡ್ತೀರಾ? ಮಾಗಿದೆಯೋ ಇಲ್ವೋ ಅಂತ ತಾನೇ ನೋಡೋದು?" ಎಂದು ಕೋಚ್ ತಂದೆತಾಯಿಗಳ ಸಭೆಯಲ್ಲಿ ಕೇಳಿದಾಗ ಯಜಮಾನರೇ ಮೊದಲು ಚಪ್ಪಾಳೆ ತಟ್ಟಿದ್ದರು. ಲೆಕ್ಕವೂ ಸುಲಭ. ಅಪ್ಪ ಅಮ್ಮನ ಎತ್ತರದಿಂದ ಹುಡುಗ ಮುಂದೆ ಎಷ್ಟು ಬೆಳೆಯುತ್ತಾನೆಂದು ಅಂದಾಜು ಮಾಡುವುದು, ಅದರಲ್ಲಿ ನೂರಕ್ಕೆ ಎಷ್ಟು ಪಾಲು ಈಗಾಗಲೇ ಬೆಳೆದಿದ್ದಾನೆಂದು ನೋಡುವುದು. ತೊಂಬತ್ತು ದಾಟಿದವರು ದೊಡ್ಡ ಮೈದಾನಕ್ಕೆ, ಮುಂದಿನ ತಿಂಗಳು ಪರ ಊರಿನ ಪಂದ್ಯಾವಳಿಗೆ. ದಾಟದವರು ಪುಟಾಣಿಗಳ ಜೊತೆ ಚಿಕ್ಕ ಮೈದಾನಕ್ಕೆ.

ಫಾರಂ ತುಂಬಿದವಳು ಹೆಂಡತಿ. ತಂದೆ: ಐದಡಿ ಎಂಟು. ತಾಯಿ: ಐದಡಿ ಎರಡು. ಪಟ್ಟಿ ಹಾಕಿದ ದಿನ ಮಗನ ಹೆಸರಿನ ಮುಂದೆ ಎಂಬತ್ತೊಂಬತ್ತೂವರೆ ಎಂದಿತ್ತು.

ಆ ಸಂಜೆ ಊಟದ ಮೇಜಿನ ಮುಂದೆ ಮಗ ತಟ್ಟೆಯನ್ನು ಮುಟ್ಟದೆ ಕೂತಿದ್ದ.

"ಊಟ ಮಾಡೋ," ಎಂದಳು ತಾಯಿ.

"ಬೇಡ. ನನ್ ಫ್ರೆಂಡ್ಸೆಲ್ಲ ದೊಡ್ಡ ಗುಂಪಿಗೆ ಹೋದ್ರು. ನನ್ ಜೊತೆ ಯಾರಿದಾರೆ ಗೊತ್ತಾ? ಶೂ ಲೇಸ್ ಕಟ್ಕೊಳ್ಳೋಕೆ ಬರದೇ ಇರೋರು." ಅವನು ತಂದೆಯ ಕಡೆ ತಿರುಗಿದ. ಕಣ್ಣು ತುಂಬಿತ್ತು. "ಅಪ್ಪಾ, ನೀನ್ ಯಾಕೆ ಇಷ್ಟು ಉದ್ದ ಇದ್ದೀಯ?"

ಜೀವಮಾನದಲ್ಲಿ ಯಾರೂ ಯಜಮಾನರ ಮೇಲೆ ಈ ಆಪಾದನೆ ಹೊರಿಸಿರಲಿಲ್ಲ.

"ನೀನು ಉದ್ದ ಅಂತ ನಾನೂ ಇನ್ನೂ ತುಂಬಾ ಬೆಳೀತೀನಂತೆ. ಅದಕ್ಕೆ ಈಗ ನಾನು ಇನ್ನೂ ಕಾಯಿ ಅಂತೆ!"

"ಪಾಪ, ಉದ್ದ ಇರೋದು ಅವರ ತಪ್ಪೇನೋ?" ಎಂದ ಹೆಂಡತಿ, ಗಂಡನ ಮುಖ ನೋಡದೆ ನೀರು ಬಡಿಸಿದಳು.

ಮರುದಿನ ಯಜಮಾನರು ಅಂಗಡಿಯಲ್ಲಿ ಹಾಸಿಗೆಗಳ ಅಟ್ಟಿಯ ಹಿಂದೆ ಕೂತು ಎಂಟನ್ನು ಐದು ಮಾಡಿ ಲೆಕ್ಕ ಹಾಕಿದರು. ತೊಂಬತ್ತೊಂದು ಬಂತು. ಎರಡು ಸಲ ಹಾಕಿದರು, ತೊಂಬತ್ತೊಂದೇ. ಅಂದರೆ ಮಗ ಮತ್ತು ದೊಡ್ಡ ಮೈದಾನದ ನಡುವೆ ಅಡ್ಡ ನಿಂತಿರುವುದು ಇಲ್ಲದ ಮೂರಿಂಚು! ಬೆವರೊರೆಸಿಕೊಂಡು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಉಪಾಯದಲ್ಲಿ ಕೋಚ್‌ಗೆ ಫೋನ್ ಹಚ್ಚಿದರು.

"ಸರ್, ವಯಸ್ಸಾಗ್ತಾ ಮನುಷ್ಯ ಸ್ವಲ್ಪ ಕುಗ್ತಾನೆ ಅಂತಾರಲ್ಲ, ನಿಜಾನಾ?"

"ಹೌದು. ನಿಮಗೆಷ್ಟು ವಯಸ್ಸು?"

"ನಲವತ್ಮೂರು."

"ಎಷ್ಟು ಕುಗ್ಗಿದ್ದೀರಿ?"

"ಮೂರಿಂಚು."

"ಮೊದಲು ಒಳ್ಳೇ ಡಾಕ್ಟರಿಗೆ ತೋರಿಸ್ಕೊಳ್ಳಿ," ಎಂದರು ಕೋಚ್. "ಆಮೇಲೆ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ. ಅಳೆದುಬಿಡೋಣ. ಬೂಟು ಬಿಚ್ಚಬೇಕಾಗುತ್ತೆ."

ಭಾನುವಾರದವರೆಗೆ ಯಜಮಾನರಿಗೆ ಅನ್ನ ರುಚಿಸಲಿಲ್ಲ. ಒಂದು ಕಡೆ ಮಾನ, ಇನ್ನೊಂದು ಕಡೆ ಮಗ. ಮಾನಕ್ಕೆ ಹದಿನಾರು ವರ್ಷ, ಮಗನಿಗೆ ಹದಿಮೂರು. ಹಿರಿತನ ನೋಡಿದರೆ ಮಾನವೇ ಗೆಲ್ಲಬೇಕು. ಆದರೆ ಮನೆಯಲ್ಲಿ ಮಗ ಚೆಂಡನ್ನು ಮಂಚದ ಕೆಳಗೆ ತಳ್ಳಿ ಗೋಡೆ ನೋಡುತ್ತಾ ಕೂರುವುದನ್ನು ಅವರಿಂದ ನೋಡಲಾಗಲಿಲ್ಲ.

ಮೈದಾನದ ಪಕ್ಕ, ಚೆಂಡುಗಳನ್ನಿಡುವ ಕೋಣೆಯ ಗೋಡೆಯ ಮೇಲೆ ಅಳತೆಯ ಗೆರೆಗಳಿದ್ದವು. ಸುತ್ತ ಹತ್ತಿಪ್ಪತ್ತು ಜನ ತಂದೆತಾಯಿಗಳು. (ಅವರಲ್ಲಿ ನಾಲ್ವರು ಯಜಮಾನರ ಗಿರಾಕಿಗಳು.) ಯಜಮಾನರು ಬಗ್ಗಿ ಒಂದು ಬೂಟು ಬಿಚ್ಚಿದರು. ಇನ್ನೊಂದರ ದಾರ ಗಂಟು ಬಿತ್ತು. ಅದನ್ನು ಬಿಡಿಸುವಷ್ಟು ಹೊತ್ತೂ ಮಗ ಉಸಿರು ಬಿಗಿಹಿಡಿದು ನಿಂತಿದ್ದ. ಕೊನೆಗೆ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಗಲ್ಲಿಗೇರುವವರಂತೆ ಕಣ್ಣು ಮುಚ್ಚಿದರು.

"ಐದಡಿ ಐದು!" ಎಂದು ಕೋಚ್ ಪಕ್ಕದ ಬೀದಿಗೂ ಕೇಳುವಂತೆ ಕೂಗಿದರು.

ಯಾರೋ ಕಿಸಕ್ಕೆಂದರು. ಯಜಮಾನರು ಕಣ್ಣು ಬಿಟ್ಟು ಮೊದಲು ನೋಡಿದ್ದು ಹೆಂಡತಿಯನ್ನು. ಅವಳಿಗೆ ಆಶ್ಚರ್ಯವೇ ಆದಂತಿರಲಿಲ್ಲ. ಅವಳು ನೆಲ ನೋಡುತ್ತಿದ್ದಳು.

ಕೋಚ್ ಫೋನಿನಲ್ಲಿ ಅಂಕಿ ಒತ್ತಿದರು. "ತೊಂಬತ್ತೊಂದು. ದೊಡ್ಡ ಮೈದಾನ!"

ಮಗ ಗಾಳಿಯಲ್ಲಿ ಹಾರಿ ಬಂದು ತಂದೆಯ ಕೊರಳಿಗೆ ಜೋತುಬಿದ್ದ. "ಅಪ್ಪಾ, ನೀನು ಕುಳ್ಳ! ಥ್ಯಾಂಕ್ಸ್ ಅಪ್ಪಾ!"

ಸತ್ಯ ಹೇಳಿ ಅಭ್ಯಾಸವಿಲ್ಲದವರಿಗೆ ಅದು ಬೇಗ ತಲೆಗೇರುತ್ತದೆ. ಯಜಮಾನರ ಎದೆ ಉಬ್ಬಿತು. ಬರಿಗಾಲಲ್ಲೇ ಎರಡಿಂಚು ಬೆಳೆದಂತೆ ಅನಿಸಿತು.

"ಅಮ್ಮನದು ಹೇಗೂ ಬರೆದಿದೆಯಲ್ಲ, ಅಷ್ಟು ಸಾಕು," ಎಂದು ಕೋಚ್ ಪಟ್ಟಿ ಮಡಚತೊಡಗಿದರು.

"ಉಂಟೇ! ಅವಳದೂ ಅಳೀರಿ ಸರ್," ಎಂದರು ಯಜಮಾನರು, ಗಿರಾಕಿಗಳಿಗೂ ಕೇಳುವಂತೆ. "ನಮ್ಮ ಮನೇಲಿ ಮುಚ್ಚುಮರೆ ಅನ್ನೋದೇ ಇಲ್ಲ."

"ಬೇಡ ರೀ," ಎಂದಳು ಹೆಂಡತಿ. "ಮನೇಲಿ ಹಾಲಿಟ್ಟು ಬಂದಿದ್ದೀನಿ."

"ಒಲೆ ನಾನೇ ಆರಿಸಿದೆನಲ್ಲೇ."

"ನಾನ್ ಹೇಳೋದು ಕೇಳಿ, ಸುಮ್ನೆ ನಡೀರಿ," ಎಂದು ಅವಳು ಹಲ್ಲು ಕಚ್ಚಿಕೊಂಡೇ ಅಂದಳು.

"ನಾಚಿಕೆ ಯಾಕೆ? ನನ್ನನ್ನ ನೋಡು. ಸತ್ಯಕ್ಕೆ ಹೆದರಬಾರದು!" ಎಂದು ಈ ಹೊಸ ಧರ್ಮರಾಯರು ಅವಳ ಚಪ್ಪಲಿ ಬಿಡಿಸಿ, ಭುಜ ಹಿಡಿದು ಗೋಡೆಗೆ ಆನಿಸಿಯೇಬಿಟ್ಟರು.

"ಅಮ್ಮಾ, ಮಂಡಿ ನೆಟ್ಟಗೆ," ಎಂದರು ಕೋಚ್. ಅವಳು ಸ್ವಲ್ಪ ಬೆಳೆದಳು. "ಬೆನ್ನು ನೆಟ್ಟಗೆ." ಇನ್ನಷ್ಟು ಬೆಳೆದಳು. "ಕತ್ತು ಎತ್ತಿ." ಯಜಮಾನರು ನೋಡನೋಡುತ್ತಲೇ ಅವಳ ಹಣೆ ಅವರ ಕಣ್ಣಿನ ಮಟ್ಟ ದಾಟಿ ಮೇಲೇರಿತು. ಅಂಗಡಿಯಲ್ಲಿ ಅರ್ಧ ಇಂಚೂ ತಪ್ಪದ ಕಣ್ಣು ತನ್ನನ್ನೇ ನಂಬಲಿಲ್ಲ.

"ಐದಡಿ ಆರು," ಎಂದರು ಕೋಚ್, ಈ ಸಲ ಮೆಲ್ಲಗೆ.

ಅಪ್ಪನ ಮೂರಿಂಚು ಹೋಗಿ ಅಮ್ಮನ ನಾಲ್ಕಿಂಚು ಬಂದಿತ್ತು. ಕೋಚ್ ಅಂಕಿಗಳನ್ನು ಮತ್ತೆ ಒತ್ತಿದರು. ಮಗ ಫೋನಿನೊಳಗೇ ಬೀಳುವಂತೆ ಬಗ್ಗಿ ನೋಡಿದ.

"ಎಂಬತ್ತೊಂಬತ್ತು. ಮೊದಲಿಗಿಂತ ಅರ್ಧ ಕಮ್ಮಿಯಾಯ್ತು."

"ಬರೆದಿದ್ದೇ ಇಟ್ಕೊಳ್ಳಿ ಸರ್, ಪ್ಲೀಸ್," ಎಂದ ಮಗ.

"ಇಷ್ಟು ಜನರ ಮುಂದೆ ಅಳೆದ ಮೇಲೆ ಹೇಗಪ್ಪಾ? ಆರು ತಿಂಗಳಿಗೆ ಮತ್ತೆ ಅಳೀತೀವಿ. ಹೋಗು, ಪುಟಾಣಿಗಳು ಕಾಯ್ತಿದಾರೆ."

ಮಗ ತಂದೆಯನ್ನು ಒಮ್ಮೆ ನೋಡಿದ. "ನಿನ್ ಸತ್ಯ ಒಂದೇ ಸಾಕಾಗಿತ್ತು ಅಪ್ಪಾ," ಎಂದು ಕಾಲೆಳೆಯುತ್ತಾ ಚಿಕ್ಕ ಮೈದಾನದ ಕಡೆ ನಡೆದ.

ಯಜಮಾನರು ಬೂಟನ್ನು ಕೈಯಲ್ಲಿ ಹಿಡಿದೇ ಹೆಂಡತಿಯತ್ತ ತಿರುಗಿದರು. "ಇದೇನೇ ಇದು?"

"ನಮ್ಮಪ್ಪ ಆವತ್ತೇ ಹೇಳಿದ್ರು. ಹುಡುಗ ಎಂಟಿಂಚು ಅಂತಾನೆ, ನೋಡಿದ್ರೆ ಹಾಗೆ ಕಾಣಲ್ಲ, ನೀನು ಸ್ವಲ್ಪ ಬಗ್ಗಿರು ಮಗಳೇ ಅಂತ. ಹದಿನಾರು ವರ್ಷ ಬಗ್ಗಿದೆ. ಬೆನ್ನು ನೋವಿಗೆ ನೀವೇ ಹಾಸಿಗೆ ಬದಲಾಯಿಸ್ತಾ ಬಂದ್ರಿ."

"ಅಲ್ವೇ, ಅಳೆಯೋ ಮೊದಲು ಹೇಳಬಾರದಿತ್ತಾ?"

"ಹೇಳಿದೆನಲ್ಲ, ಹಾಲಿಟ್ಟು ಬಂದಿದ್ದೀನಿ ಅಂತ!"

ಆಟ ಶುರುವಾಯಿತು. ಚಿಕ್ಕ ಮೈದಾನದ ಸುತ್ತ ಜನ ಗೋಡೆಯಂತೆ ನಿಂತಿದ್ದರು. ಯಜಮಾನರಿಗೆ ಕಂಡದ್ದು ಬರೀ ಬೆನ್ನುಗಳು. ಮಗ ಆಡುತ್ತಿದ್ದಾನೋ, ಮೂಲೆಯಲ್ಲಿ ಅಳುತ್ತಾ ನಿಂತಿದ್ದಾನೋ ತಿಳಿಯದೆ ಅವರು ತುದಿಗಾಲಲ್ಲಿ ನಿಂತು ಕತ್ತು ಚಾಚುತ್ತಿದ್ದರು. ಮುಚ್ಚಿಡಲು ಇನ್ನೇನೂ ಉಳಿಯದ ಹೆಂಡತಿ ನೆಟ್ಟಗೆ ನಿಂತು ಎಲ್ಲರ ಹೆಗಲ ಮೇಲಿಂದ ಆರಾಮಾಗಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ದೊಡ್ಡ ಕೂಗೆದ್ದಿತು.

"ಏನಾಯ್ತೇ?"

"ಗೋಲು."

"ಯಾರು ಹೊಡೆದಿದ್ದು? ಹೇಳೇ!"

"ಯಾರೋ ಒಬ್ಬ. ಪುಟಾಣಿಗಳೆಲ್ಲ ಅವನ ಸೊಂಟಕ್ಕೆ ಜೋತುಬಿದ್ದು ಕುಣೀತಿದಾವೆ, ಅವನೂ ನಗ್ತಿದಾನೆ," ಎಂದಳು ಅವಳು ಕಣ್ಣು ಕೀಳದೆ. "ಮುಖ ಥೇಟ್ ನಿಮ್ಮದು. ಎತ್ತರ ಮಾತ್ರ ನನ್ನದು."