ಚಕ್ರಾಕರ್ಷಿಣಿಯೂ ತಗಡಿನ ಟ್ಯಾಂಕರ್ ಡಬ್ಬಿಯೂ

“ಕಣ್ಣು ಮಿಟುಕಿಸಬ್ಯಾಡ್ರಿ ಗಾರ್ಡ್ ಸಾಹೇಬ್ರ! ಮಿಟುಕಿಸಿದ್ರ ಇತಿಹಾಸ ತಪ್ಪಿ ಹೋಗ್ತದ!”

ಹೀಗೆಂದು ವಸುಮತಿ ಅಕ್ಕೋರು ತಮ್ಮ ಹೊಸ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟರು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಅಕ್ಕೋರ ಯಂತ್ರ ಅಂದರೆ ಸಾಕು, ಜನ ಮೊದಲು ಒಣಹಾಕಿದ ಸಂಡಿಗೆ ಒಳಗೆ ತರುತ್ತಿದ್ದರು, ಆಮೇಲೆ ಮಕ್ಕಳನ್ನು ಕರೆಯುತ್ತಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅಕ್ಕೋರು ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದರು. ಅದು ಬಡಿದ ಮೊದಲ ರೊಟ್ಟಿ ಹಾರಿ ಎದುರುಮನೆಯ ಗೋಡೆಗೆ ಅಂಟಿದ್ದು ಇನ್ನೂ ಕಿತ್ತು ಬಂದಿಲ್ಲ. ದೀಪಾವಳಿಗೆ ಸುಣ್ಣ ಹಚ್ಚಲು ಬಂದವನು ರೊಟ್ಟಿಯ ಮೇಲೇ ಸುಣ್ಣ ಬಳಿದು ಕೈ ತೊಳೆದುಕೊಂಡ.

ಇಂಥ ಅಕ್ಕೋರಿಗೆ ಇಡೀ ಓಣಿಯಲ್ಲಿ ಬಾಗಿಲು ತೆರೆದಿದ್ದದ್ದು ಅಡಿವೆಪ್ಪ ಮುಳಗುಂದರ ಮನೆಯದು ಮಾತ್ರ. ಅವರ ಬಾಗಿಲು ಎಲ್ಲರಿಗೂ ತೆರೆದೇ ಇತ್ತು, ಬರುವವರು ಯಾರೂ ಇರಲಿಲ್ಲ ಅಷ್ಟೇ.

ಅಡಿವೆಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಗೂಡ್ಸ್ ಗಾರ್ಡ್‌ನ ಜಾಗ ಗಾಡಿಯ ಕಟ್ಟಕಡೆಯ ಬ್ರೇಕ್ ವ್ಯಾನು. ಮುಂದೆ ಉದ್ದಕ್ಕೂ ಡಬ್ಬಿಗಳು, ಅವುಗಳ ಆಚೆ ಎಲ್ಲೋ ಎಂಜಿನ್ನು, ಅದರೊಳಗೆ ಒಬ್ಬ ಡ್ರೈವರು. ಅವನಿಗೂ ಇವರಿಗೂ ನಡುವೆ ಒಂದು ಹಸಿರು ಬಾವುಟದ ಮಾತು. ನೌಕರಿಯೆಲ್ಲ ಹಾಗೆ ಹಿಂದಕ್ಕೆ ಸರಿಯುವ ಹಳಿ ನೋಡುತ್ತಲೇ ಮುಗಿಯಿತು. ಮದುವೆಯ ಮಾತು ಬಂದಾಗಲೆಲ್ಲ ಅವರು ಡ್ಯೂಟಿಯಲ್ಲಿದ್ದರು. ನಿವೃತ್ತರಾದ ಮೇಲೆ ಮನೆಯಲ್ಲಿ ಒಬ್ಬರೇ ಉಂಡು, ತಾಟು ತೊಳೆದಿಟ್ಟು, “ಊಟ ಆತು” ಎಂದು ಗಟ್ಟಿಯಾಗಿ ಹೇಳುವುದನ್ನು ರೂಢಿ ಮಾಡಿಕೊಂಡಿದ್ದರು. ಕೇಳಿದವರು ಯಾರೂ ಇಲ್ಲದಿದ್ದರೂ ಹೇಳಿದಂತಾಗುತ್ತಿತ್ತು.

ಉಳಿದದ್ದು ಡಬ್ಬಿಗಳ ಹುಚ್ಚು. ಹಳೇ ಕಾಲದ ಆಟಿಕೆ ರೈಲಿನ ತಗಡಿನ ಡಬ್ಬಿಗಳು, ಅದೂ ಗೂಡ್ಸ್ ಡಬ್ಬಿಗಳು ಮಾತ್ರ! ಪ್ಯಾಸೆಂಜರ್ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನುತ್ತಿದ್ದರು. ಮೀರಜ್, ಗುಂತಕಲ್, ಸೊಲ್ಲಾಪುರ ಎಂದು ಗುಜರಿ ಅಂಗಡಿಗಳನ್ನು ಅಲೆದು ಕಲ್ಲಿದ್ದಲಿನ ಡಬ್ಬಿ, ಕಟ್ಟಿಗೆ ಸಾಗಿಸುವ ಚಪ್ಪಟೆ ಡಬ್ಬಿ, ಗಾಳಿ ಆಡಲು ಸೀಳು ಬಿಟ್ಟ ದನದ ಡಬ್ಬಿ, ಬಾಗಿಲು ಸರಿಯುವ ಬಾಳೆಹಣ್ಣಿನ ಡಬ್ಬಿ ಕೂಡಿಸಿದ್ದರು. ಪಡಸಾಲೆಯ ತುಂಬ ಹಳಿ ಹಾಸಿ ಅವನ್ನು ಸಾಲಾಗಿ ನಿಲ್ಲಿಸಿದ್ದರು. ಆದರೆ ದನದ ಡಬ್ಬಿಗೂ ಬ್ರೇಕ್ ವ್ಯಾನಿಗೂ ನಡುವೆ ಒಂದು ಜಾಗ ಖಾಲಿ ಇತ್ತು.

ಅದು ಟ್ಯಾಂಕರ್ ಡಬ್ಬಿಯ ಜಾಗ. ಅಪ್ಪ ಕೊಡಿಸಿದ್ದ ಮೊದಲ ಗಾಡಿಯ ಡಬ್ಬಿ ಅದು. ಅಪ್ಪ ತೀರಿಹೋದ ಮೇಲೆ ಅಣ್ಣ ರಾಚಪ್ಪ ಮತ್ತು ಅಡಿವೆಪ್ಪ ಮನೆ ಹಂಚಿಕೊಂಡರು, ಹಂಡೆ ಕೊಡಪಾನ ಹಂಚಿಕೊಂಡರು, ಒಂದು ಏರು ಮಾತು ಬರಲಿಲ್ಲ. ಕೊನೆಗೆ ಅಟ್ಟದ ಮೇಲಿನ ಆಟಿಕೆ ರೈಲು ಕೆಳಗಿಳಿಯಿತು. ನಿನಗೊಂದು ನನಗೊಂದು ಎಂದು ಹಂಚುತ್ತ ಬಂದು ಟ್ಯಾಂಕರ್ ಡಬ್ಬಿ ಒಂದೇ ಉಳಿಯಿತು. ಮೀಸೆ ನರೆಯುತ್ತಿದ್ದ ಇಬ್ಬರು ಗಂಡಸರು ಅದರ ಮೇಲೆ ಕೈ ಇಟ್ಟು ಎಳೆದಾಡಿದರು. ರಾಚಪ್ಪ ಸಿಟ್ಟಿನಲ್ಲಿ ತನ್ನ ಪಾಲಿಗೆ ಬಂದ ಡಬ್ಬಿಗಳನ್ನೆಲ್ಲ ಅಲ್ಲೇ ಬಿಟ್ಟು, ಟ್ಯಾಂಕರ್ ಒಂದನ್ನೇ ಬಗಲಲ್ಲಿ ಇಟ್ಟುಕೊಂಡು ಹೊರಟುಹೋದ. ಊರಿನ ಆಚೆ ತುದಿಯ ಉಣಕಲ್ಲಿನಲ್ಲೇ ಇದ್ದ. ಇಬ್ಬರೂ ಮಾತಾಡಿ ಎಷ್ಟು ಕಾಲವಾಯಿತೋ, ಅಡಿವೆಪ್ಪ ಎಣಿಸುವುದನ್ನು ಬಿಟ್ಟಿದ್ದರು.

ಅಕ್ಕೋರಿಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ಡಬ್ಬಿ ಕಳೆದಿದೆ ಎಂದಷ್ಟೇ ಗೊತ್ತು. ಅಷ್ಟಕ್ಕೇ ಅವರು ಚಕ್ರಾಕರ್ಷಿಣಿಯನ್ನು ಕಂಡುಹಿಡಿದುಬಿಟ್ಟಿದ್ದರು! ಹಳೇ ಗ್ರಾಮಫೋನಿನ ಕಹಳೆ, ಮಿಕ್ಸರಿನ ಮೋಟಾರು, ಮುರಿದ ಕೊಡೆಯ ಕಡ್ಡಿಗಳು, ಕುಕ್ಕರಿನ ಸೀಟಿ, ಎಲ್ಲ ಸೇರಿ ಅದು ಸಿಟ್ಟಿಗೆದ್ದ ಟಗರಿನ ಹಾಗೆ ಕಾಣುತ್ತಿತ್ತು.

“ಪ್ರತಿ ಗಾಲಿಗೂ ತನ್ನದೇ ಒಂದು ರಾಗ ಇರ್ತದರಿ,” ಎಂದರು ಅಕ್ಕೋರು. “ಆ ರಾಗ ನಾವು ತಿರುಗಿ ಊದಿದ್ರ ಗಾಲಿ ತಾನ ಉರುಳ್ಕೋತ ಬರ್ತದ.”

“ಗಾಲಿ ಏನ್ ಆಕಳೇನ್ರಿ ಅಕ್ಕೋರ, ಕರದ್ರ ಬರಾಕ?”

“ನೋಡ್ರಿ ಮೊದ್ಲ!”

ಗುಂಡಿ ಒತ್ತಿದೊಡನೆ ಕುಂಯ್ಯ್ ಎಂದಿತು ಯಂತ್ರ. ಹೊಸ್ತಿಲ ಬಳಿ, ಹಿಂದಿನ ದಿನವಷ್ಟೇ ಗುಜರಿಯಿಂದ ಬಂದಿದ್ದ ಇನ್ನೊಂದು ಕಲ್ಲಿದ್ದಲಿನ ಡಬ್ಬಿ ಒಮ್ಮೆ ನಡುಗಿತು. ಆಮೇಲೆ ಕಿರ್ ಕಿರ್ ಎನ್ನುತ್ತ ಪಡಸಾಲೆ ದಾಟಿ, ಕುರ್ಚಿಯ ಕಾಲು ಬಳಸಿ, ಕಹಳೆಯ ಮುಂದೆ ಬಂದು ನಿಂತಿತು. ಅಡಿವೆಪ್ಪ ಬಾಯಿ ತೆರೆದು ಕುಳಿತರು. ಅವರ ಮನೆಯೊಳಗೆ ತಾನಾಗಿ ಬಂದ ಮೊದಲ ಅತಿಥಿ ಅದು.

“ಅಕ್ಕೋರ,” ಎಂದರು ಡಬ್ಬಿಯ ಮೇಲೆ ಕೈ ಇಟ್ಟು, “ಉಣಕಲ್ ತನಾ ಕೇಳಸ್ತೈತೇನ್ರಿ ಇದು?”

“ಉಣಕಲ್ ಯಾಕ್ರೀ, ಧಾರವಾಡದ ತನಕಾ ಕೇಳಸೂಹಂಗ ಮಾಡೋಣ!” ಎಂದು ಅಕ್ಕೋರು ಗುಂಡಿಯನ್ನು ಪೂರ್ತಿ ತಿರುಗಿಸಿದರು.

ಏನೂ ಆಗಲಿಲ್ಲ. ಅಕ್ಕೋರು ಯಂತ್ರಕ್ಕೆ ಎರಡು ಏಟು ಕೊಟ್ಟರು. ಅಡಿವೆಪ್ಪ ಬಾಗಿಲಿಗೆ ಹೋಗಿ ಓಣಿಯ ತುದಿಯನ್ನು ನೋಡಿದರು, ಸಿಗ್ನಲ್ ಬೀಳುವುದನ್ನು ಕಾಯುವವರಂತೆ.

ಆಗ ಎಲ್ಲೋ ಕಿರ್ ಎಂದಿತು. ಇನ್ನೊಂದು ಕಡೆ ಕಿರ್ರ್ ಎಂದಿತು. ಮರುಕ್ಷಣ ಓಣಿಯ ಎಲ್ಲ ಮನೆಗಳಿಂದಲೂ ಕಿರ್ರೋ ಎಂದು ಹುಯಿಲೆದ್ದಿತು!

ಮೊದಲು ಬಂದದ್ದು ಮೂರು ಗಾಲಿಯ ಪುಟ್ಟ ಸೈಕಲ್ಲು. ಅದರ ಹಿಂದೆ ಗ್ಯಾಸ್ ಸಿಲಿಂಡರಿನ ಗಾಲಿಮಣೆ, ಸಿಲಿಂಡರಿನ ಸಮೇತ! ಅದರ ಹಿಂದೆ ನಡಿಗೆ ಕಲಿಯುವ ಮಕ್ಕಳ ತಳ್ಳುಗಾಡಿ. ಅದರ ಹಿಂದೆ ಮಾಬುಸಾಬನ ಬದನೆಕಾಯಿ ಗಾಡಿ, ಗಾಡಿಯ ಮೇಲೆ ಮಾಬುಸಾಬ!

“ಹಿಡೀರ್ರಿ! ನಾ ತಳ್ಳಾಕತ್ತಿಲ್ರೀ, ಗಾಡಿ ತಾನ ಹೊಂಟೈತಿ!”

ಅವನ ಹಿಂದೆ ಮೂಲೆಯ ಸಲೂನಿನ ಗಾಲಿಕುರ್ಚಿ. ಅದರಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ, ಕೊರಳಿಗೆ ಬಿಳಿ ಬಟ್ಟೆ. ಹಿಂದಿನಿಂದ ಕತ್ತಿ ಹಿಡಿದ ಹಡಪದ ಈರಣ್ಣ ಓಡಿಬರುತ್ತಿದ್ದ. ನೋಡಿದವರು ಕೊಲೆಯೇ ನಡೆಯುತ್ತಿದೆ ಎಂದು ಕಿರುಚಿದರು!

“ಬಂದ್ ಮಾಡ್ರಿ ಅಕ್ಕೋರ!”

“ಗುಂಡಿ ಸುಟ್ಟ ಹೋಗ್ಯದರಿ!”

“ವಾಯರ್ ಕೀಳ್ರಿ!”

“ಕಿತ್ತು ಎಷ್ಟೋ ಹೊತ್ತಾತು! ಅದು ಈಗ ಉಮೇದಿನ ಮ್ಯಾಲ ನಡದದ!”

ಅಂಗಳ ತುಂಬಿತು. ಗಾಲಿಗಳ ಹಿಂದೆ ಗಾಲಿಗಳ ಒಡೆಯರೂ ಬಂದರು, ಬೈಯುತ್ತಲೇ ಬಂದರು. ಅಡಿವೆಪ್ಪ ಕೈಮುಗಿದು ಎಲ್ಲರಿಗೂ “ಬರ್ರಿ, ಕುಂದರ್ರಿ” ಎಂದರು. ಕುಳ್ಳಿರಿಸಲು ಒಂದೇ ಕುರ್ಚಿ ಇತ್ತು. ಚಹಾ ಮಾಡೋಣವೆಂದು ಒಳಗೆ ಹೋದರೆ ಇದ್ದದ್ದು ಒಂದೇ ಕಪ್ಪು. ಅದನ್ನೇ ಹಿಡಿದುಕೊಂಡು ಅಡಿಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತರು. ಕೊನೆಗೆ ಚಹಾವನ್ನು ಅನ್ನದ ಪಾತ್ರೆಯಲ್ಲಿ ಕುದಿಸಿ, ಲೋಟ, ಬಟ್ಟಲು, ಸಾರಿನ ಸೌಟು, ಸಿಕ್ಕಿದ್ದರಲ್ಲೆಲ್ಲ ಹಾಕಿ ತಂದರು.

ಎದುರುಮನೆಯ ಗಂಗವ್ವ ಪುಟ್ಟ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು.

“ನನ್ನ ಮೊಮ್ಮಗಂದಿದು. ಅಂವಗ ಈಗ ಮೀಸಿ ಬಂದಾವ, ಬಾಗಲಕೋಟಿಯೊಳಗ ಪೊಲೀಸ್ ಅದಾನ. ಅಟ್ಟದ ಮ್ಯಾಲ ಇಟ್ಟಿದ್ದೆ. ಹೆಂಗ ಇಳೀತೋ ಏನೋ!”

“ಮೊಮ್ಮಗ ಬರ್ತಿರ್ತಾನೇನವಾ?” ಎಂದು ಅಡಿವೆಪ್ಪ ಕೇಳಿದರು.

“ಬರ್ತೀನಿ ಅಂತಾನ,” ಎಂದಳು ಗಂಗವ್ವ. ಸೌಟಿನಿಂದ ಚಹಾ ಕುಡಿದಳು. “ಚಲೋ ಮಾಡೀಯಪಾ.”

ಇಷ್ಟು ಕಾಲ ಎದುರುಬದುರಿಗೆ ಇದ್ದೂ ಅವಳ ಹತ್ತಿರ ಇಷ್ಟು ಮಾತಾಡಿದ್ದು ಇದೇ ಮೊದಲು ಎಂಬುದು ಅಡಿವೆಪ್ಪರಿಗೆ ಹೊಳೆಯಿತು. ಇನ್ನೊಂದು ಮಾತು ಕೇಳಬೇಕೆಂದುಕೊಂಡರು. ಅಷ್ಟರಲ್ಲಿ ನೆಲ ನಡುಗಿತು.

ಓಣಿಯ ತುದಿಯಲ್ಲಿ ರೋಡ್ ರೋಲರು! ಯಾವಾಗಲೋ ರಸ್ತೆ ಮಾಡಲು ಬಂದು ಕೆಟ್ಟು ನಿಂತು, ಮೈಮೇಲೆ ಅತ್ತಿಯ ಸಸಿ ಬೆಳೆಸಿಕೊಂಡು, ಒಳಗೆ ನಾಯಿಮರಿಗಳನ್ನು ಸಾಕಿಕೊಂಡಿದ್ದ ಅದೇ ರೋಲರು, ಡ್ರೈವರಿಲ್ಲದೆ, ಮದುವೆ ಮೆರವಣಿಗೆಯ ಠೀವಿಯಲ್ಲಿ ನಡೆದು ಬರುತ್ತಿತ್ತು. ಅತ್ತಿಯ ಸಸಿ ಎಲ್ಲರಿಗೂ ತಲೆಯಾಡಿಸುತ್ತಿತ್ತು.

ಜನ ದಿಕ್ಕಾಪಾಲಾದರು. ಕುರ್ಚಿಯ ಗಿರಾಕಿ ಅರ್ಧ ಗಡ್ಡದಲ್ಲೇ ಗೋಡೆ ಹಾರಿದ. ರೋಲರು ಗೇಟನ್ನು ಹಪ್ಪಳ ಮಾಡಿ ಒಳಗೆ ಬಂತು. ಅಡಿವೆಪ್ಪ ಪಡಸಾಲೆಯ ಬಾಗಿಲಿಗೆ ಅಡ್ಡ ನಿಂತು, ಒಳಗಿನ ಡಬ್ಬಿಗಳನ್ನು ನೆನೆದು, ಹಳೇ ಅಭ್ಯಾಸದಿಂದ ಹೆಗಲ ಮೇಲಿದ್ದ ಕೆಂಪು ಟವೆಲ್ಲನ್ನು ಬಾವುಟದಂತೆ ಬೀಸಿದರು. ರೋಲರಿಗೆ ಬಾವುಟದ ಭಾಷೆ ಬರುತ್ತಿರಲಿಲ್ಲ.

“ಸೊಟ್ಟಗಾದ್ರ ಆಗ್ಲಿ!” ಎಂದು ಅಕ್ಕೋರು ಯಂತ್ರವನ್ನು ಎತ್ತಿ ಅಂಗಳಕ್ಕೆ ಎಸೆದರು. ರೋಲರು ಕಹಳೆಯತ್ತ ತಿರುಗಿತು. ಕರಕ್ ಎಂದಿತು. ಚಕ್ರಾಕರ್ಷಿಣಿ ಚಪಾತಿಯಾಯಿತು. ಆದರೂ ಗಾಲಿಗಳು ಕಿರ್ರೆನ್ನುತ್ತಲೇ ಇದ್ದವು!

ಅಕ್ಕೋರು ಹಣೆ ಬಡಿದುಕೊಂಡರು. “ರಾಗ ಕಲ್ತಬಿಟ್ಟಾವ್ರಿ! ಎಣ್ಣಿ ಕಾಣದ ಒಣಾ ಗಾಲಿ ಇವು, ಕಿರಗುಟ್ಟೋವು ಅಷ್ಟ ಬಂದಾವ! ಎಣ್ಣಿ ತರ್ರಿ, ಎಣ್ಣಿ!”

ಮನೆಮನೆಯಿಂದ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಹರಳೆಣ್ಣೆ ಬಂತು. ರೋಲರಿಗೆ ಗಂಗವ್ವ ಉಪ್ಪಿನಕಾಯಿಯ ಎಣ್ಣೆಯನ್ನೇ ಸುರಿದಳು. ಎಣ್ಣೆ ಕಂಡ ಗಾಲಿ ಒಂದೊಂದಾಗಿ ಸುಮ್ಮನಾಯಿತು. ಜನ ತಮ್ಮ ತಮ್ಮದನ್ನು ತಳ್ಳಿಕೊಂಡು ಹೊರಟರು. ಗಂಗವ್ವ ಸೈಕಲ್ಲನ್ನು ಎತ್ತಿಕೊಂಡು, ಸೆರಗಿನಿಂದ ಅದರ ಸೀಟು ಒರೆಸುತ್ತ ಹೋದಳು. ಅಕ್ಕೋರು ಚಪ್ಪಟೆ ಯಂತ್ರವನ್ನು ಮಡಚಿ ಬಗಲಲ್ಲಿಟ್ಟುಕೊಂಡು ಮುಖ ತೋರಿಸದೆ ಹೋದರು.

ಸಂಜೆಯಾಯಿತು. ಅಂಗಳದಲ್ಲಿ ರೋಲರು, ಮುರಿದ ಗೇಟು, ಚೆಲ್ಲಾಡಿದ ಬದನೆಕಾಯಿ ಉಳಿದಿದ್ದವು. ಅಡಿವೆಪ್ಪ ಲೋಟ, ಬಟ್ಟಲುಗಳನ್ನೆಲ್ಲ ತೊಳೆದರು. ಒಬ್ಬ ಮನುಷ್ಯನ ಮನೆಯಲ್ಲಿ ಇಷ್ಟೊಂದು ಎಂಜಲು ಪಾತ್ರೆ ಬಿದ್ದದ್ದು ಅವರಿಗೆ ವಿಚಿತ್ರವೆನಿಸಿತು. ಬೇಗ ಮುಗಿಯದಿರಲಿ ಎಂದು ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು. ಹಳಿಯ ಮೇಲಿನ ಖಾಲಿ ಜಾಗದ ಕಡೆ ಕಣ್ಣು ಹಾಯಿಸಲಿಲ್ಲ. ಉಣಕಲ್ಲಿನ ತನಕ ಕೇಳಿಸಿರಲಿಕ್ಕಿಲ್ಲ ಎಂದುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಸಣ್ಣದಾಗಿ ಕಿರ್ ಎಂದಿತು.

ತುಕ್ಕು ಹಿಡಿದ ಒಂದು ಪುಟ್ಟ ಟ್ಯಾಂಕರ್ ಡಬ್ಬಿ, ಮೈಯೆಲ್ಲ ಧೂಳು, ಮೂತಿಗೆ ಸಗಣಿ, ರೋಲರಿನ ಹೊಟ್ಟೆಯಡಿಯಿಂದ ನುಸುಳಿ ಬಂತು. ಅದರ ಹಿಂದೆ ಬನಿಯನ್ ಧೋತರದಲ್ಲೇ, ಕೈಯಲ್ಲಿ ಚಪ್ಪಲಿ ಹಿಡಿದ ಒಬ್ಬ ಮುದುಕ ಏದುಸಿರು ಬಿಡುತ್ತ ಬಂದ. ಅಡಿವೆಪ್ಪರಿಗೆ ಮೊದಲು ಅಪ್ಪನೇ ಬಂದಂತೆ ಕಂಡಿತು. ಅಣ್ಣ ಅಷ್ಟು ಮುದುಕನಾಗಿದ್ದ.

“ಕಳ್ಳಾ!” ಎಂದ ರಾಚಪ್ಪ.

“ನಾ ಏನ್ ಮಾಡೇನಣ್ಣಾ? ಅದ ತಾನ ಬಂತು.”

“ತಾನ ಬಂತಂತ! ಕಿಡಕ್ಯಾಗ ಇಟ್ಟಿದ್ದೆ. ಜಿಗೀತು! ಹಿಡ್ಯಾಕ ಬಗ್ಗಿದ್ರ ಮುಂದ ಓಡ್ತೈತಿ, ನಿಂತ್ರ ನಿಂದರ್ತೈತಿ! ದುರ್ಗದಬೈಲಿನಾಗ ಬಸ್ಸು ನಿಲ್ಲಿಸಿ ದಾರಿ ಬಿಟ್ರು ಇದಕ್ಕ. ನನಗ ಬಿಡಲಿಲ್ಲ!”

“ಆಟೋ ಹಿಡೀಬಾರದಿತ್ತಾ?”

“ಆಟೋ ಇದಕ್ಕಿಂತ ಜೋರ್ ಹೋಗ್ತೈತಲೇ ಹುಚ್ಚಾ!”

ಟ್ಯಾಂಕರ್ ಡಬ್ಬಿ ಪಡಸಾಲೆಗೆ ಹೋಗಿ, ಹಳಿ ಹತ್ತಲಾರದೆ ಹಳಿಯ ಪಕ್ಕದಲ್ಲೇ ನಿಂತಿತು. ಇಬ್ಬರೂ ಹಿಂದಿನಿಂದ ಹೋಗಿ ನೋಡುತ್ತ ನಿಂತರು. ಯಾರೂ ಅದನ್ನು ಮುಟ್ಟಲಿಲ್ಲ.

“ದನದ ಡಬ್ಬಿ ಯಾವಾಗ ಸಿಕ್ತು?” ಎಂದ ರಾಚಪ್ಪ, ಮುಖ ಬೇರೆ ಕಡೆ ತಿರುಗಿಸಿ.

“ಗುಂತಕಲ್ಲಿನಾಗ.”

“ಹೂಂ.” ರಾಚಪ್ಪ ಧೋತರದ ಚುಂಗಿನಿಂದ ಮುಖದ ಧೂಳು ಒರೆಸಿಕೊಂಡ. “ನಿಮ್ಮ ಅತ್ತಿಗಿ ತೀರಿಹೋದ್ಲು. ಗೊತ್ತಾತೇನು?”

“ಇಲ್ಲಣ್ಣಾ. ಯಾರೂ ಹೇಳ್ಲಿಲ್ಲ.”

“ನಾನೂ ಹೇಳ್ಲಿಲ್ಲ.”

ಅಡಿವೆಪ್ಪ ನೀರು ತಂದುಕೊಟ್ಟರು. ರಾಚಪ್ಪ ಕುಡಿದ, ಡಬ್ಬಿಯನ್ನು ಧೋತರದಲ್ಲಿ ಕಟ್ಟಿಕೊಂಡ. “ಇದು ನನ್ನ ಪಾಲಿಂದು” ಎಂದು ಹೇಳಿ, ಆಟೋ ಹಿಡಿದು ಹೊರಟುಹೋದ. ಅಡಿವೆಪ್ಪ ಆಟೋದ ಕೆಂಪು ದೀಪ ಮರೆಯಾಗುವ ತನಕ ಮುರಿದ ಗೇಟಿನಲ್ಲಿ ನಿಂತಿದ್ದರು. ಆ ರಾತ್ರಿ ಊಟ ಆಯಿತೆಂದು ಹೇಳಲಿಲ್ಲ. ಊಟ ಮಾಡಿರಲೂ ಇಲ್ಲ.

ಮಾರನೇ ದಿನ ಮಧ್ಯಾಹ್ನ ಕಿರ್ ಎಂದಿತು. ಮುಂದೆ ಟ್ಯಾಂಕರ್ ಡಬ್ಬಿ, ಹಿಂದೆ ರಾಚಪ್ಪ. ಈ ಸಲ ಕಾಲಲ್ಲಿ ಚಪ್ಪಲಿ, ಮೈಮೇಲೆ ಅಂಗಿ, ಕೈಯಲ್ಲಿ ಕೊಡೆ. “ಮತ್ತ ಜಿಗೀತಲೇ!” ಎಂದು ಬೈದ, ಚಹಾ ಕುಡಿದ, ಡಬ್ಬಿ ತೆಗೆದುಕೊಂಡು ಹೋದ. ಅದರ ಮಾರನೇ ದಿನವೂ ಹಾಗೇ ಆಯಿತು. ಆಮೇಲೆ ಅದೇ ರೂಢಿಯಾಯಿತು. ದುರ್ಗದಬೈಲಿನ ಅಂಗಡಿಯವರು ಡಬ್ಬಿ ದಾಟುವುದನ್ನು ನೋಡಿ ಊಟದ ಗಂಟೆ ತಿಳಿಯತೊಡಗಿದರು. ಒಂದೊಂದು ದಿನ ಡಬ್ಬಿ ಬರುವುದು ತಡವಾದರೆ ಅಡಿವೆಪ್ಪ ಅಂಗಳಕ್ಕೂ ಪಡಸಾಲೆಗೂ ಅಡ್ಡಾಡಿ ಸುಸ್ತಾಗುತ್ತಿದ್ದರು.

ಈ ಸುದ್ದಿ ಕೇಳಿ ವಸುಮತಿ ಅಕ್ಕೋರು ತಪ್ಪು ತಿದ್ದಲು ಓಡಿ ಬಂದರು. ಅಣ್ಣತಮ್ಮಂದಿರು ಹಳಿಯ ಪಕ್ಕದಲ್ಲಿ ಕುಳಿತು, ಟ್ಯಾಂಕರು ದನದ ಡಬ್ಬಿಯ ಹಿಂದೆ ಇರಬೇಕೋ ಮುಂದೆ ಇರಬೇಕೋ ಎಂದು ಜಗಳಾಡುತ್ತಿದ್ದರು.

“ಕ್ಷಮಾ ಮಾಡ್ರಿ,” ಎಂದರು ಅಕ್ಕೋರು. “ಆವತ್ತು ಇದೊಂದಕ್ಕ ಎಣ್ಣಿ ಬಿಡೂದು ಉಳದದ. ಒಂದ್ ಹನಿ ಬಿಟ್ಟೆ ಅಂದ್ರ ಮುಗೀತು, ನಾಳಿಯಿಂದ ಮನಿ ಬಿಟ್ಟು ಕದಲೂದಿಲ್ಲ.”

ರಾಚಪ್ಪ ಡಬ್ಬಿಯನ್ನು ಎದೆಗೆ ಎಳೆದುಕೊಂಡ. “ಏ ಬ್ಯಾಡ್ರಿ! ಹಳೇ ತಗಡು. ಎಣ್ಣಿ ಬಿದ್ರ ಬಣ್ಣ ಹೋಗ್ತೈತಿ!”

“ಹೌದ್ರಿ ಅಕ್ಕೋರ,” ಎಂದರು ಅಡಿವೆಪ್ಪ. “ಪೂರಾ ಹೋಗ್ತೈತಿ.”

ಅಕ್ಕೋರು ಇಬ್ಬರ ಮುಖ ನೋಡಿದರು. ಹಳಿಯ ಮೇಲೆ ಎಣ್ಣೆ ಕುಡಿದೂ ಬಣ್ಣ ಕೆಡದೆ ಫಳಫಳ ಹೊಳೆಯುತ್ತಿದ್ದ ಉಳಿದ ಡಬ್ಬಿಗಳನ್ನೂ ನೋಡಿದರು. ಎಣ್ಣೆಯ ಬಾಟಲಿಗೆ ಬಿರಡೆ ಹಾಕಿದರು.

“ಹಂಗಾರ ವಿಜ್ಞಾನದಾಗ ಇದಕ್ಕ ಔಷಧ ಇಲ್ಲ ಬಿಡ್ರಿ.”