ವಿಡಿಯೋ ಗೇಮಿಗೆ ಆಯುಧಪೂಜೆ

ತೊಂದರೆಗೆಲ್ಲ ಮೂಲ ಒಂದು ನಿಂಬೆಹಣ್ಣು. ನವಮಿಯ ದಿನ ಇಸ್ತ್ರಿಪೆಟ್ಟಿಗೆಗೆ ಒಂದು, ಹೊಲಿಗೆ ಯಂತ್ರಕ್ಕೆ ಒಂದು, ಮಿಕ್ಸಿಗೆ ಒಂದು ಎಂದು ಇಟ್ಟು ಮುಗಿಸಿದ ಮೇಲೂ ಸುಮಿತ್ರಾಳ ತಟ್ಟೆಯಲ್ಲಿ ಒಂದು ಉಳಿದುಬಿಟ್ಟಿತು. ದೇವರಿಗೆಂದು ತಂದದ್ದನ್ನು ಸಾರಿಗೆ ಹಿಂಡುವುದು ಹೇಗೆಂದು ಆಕೆ ಸುತ್ತ ಕಣ್ಣಾಡಿಸಿದಳು. ಮೂಲೆಯ ಟ್ರಂಕಿನ ಮೇಲೆ, ಪರಿಚಯದವರು ಯಾರೂ ಇಲ್ಲದ ಮದುವೆಮನೆಗೆ ಬಂದು ಕೂತ ನೆಂಟನ ಹಾಗೆ, ಟವೆಲ್ಲು ಹೊದ್ದುಕೊಂಡು ಆ ಅಮೆರಿಕದ ಡಬ್ಬಿ ಕೂತಿತ್ತು.

"ರೀ, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟುಬಿಡ್ತೀನಿ."

ಗಂಡ ತಿರುಮಲೇಶ ತಟ್ಟೆಗೆ ಕೈ ಅಡ್ಡ ಹಿಡಿದ. "ಅದು ಸಾಹೇಬರ ಸಾಮಾನು ಕಣೇ!"

"ಯಾರದಾದ್ರೇನು? ಆಯುಧಪೂಜೆ ದಿನ ನಮ್ಮ ಮನೇಲಿದೆ. ಮನೆಗೆ ಬಂದೋರನ್ನ ಕುಂಕುಮ ಕೊಡದೆ ಕಳಿಸ್ತೀವಾ?"

ಡಬ್ಬಿಯೆಂದರೆ ವಿಡಿಯೋ ಗೇಮು. ಟಿವಿಗೆ ಜೋಡಿಸಿ ಆಡುವಂಥದು. ಆಫೀಸಿನ ರಾಮಸ್ವಾಮಿ ಸಾಹೇಬರ ಮಗನಿಗೆಂದು ಅವರ ಭಾವಮೈದ ಅಮೆರಿಕದಿಂದ ತಂದು, ಬಾಂಬೆಯ ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಬಿಟ್ಟು, ಮುಂದಿನ ವಿಮಾನ ಹತ್ತಿ ಹೋಗಿದ್ದ. ಮಲಾಡಿನ ತಿರುಮಲೇಶನಿಗೆ ಅದು ದಾರಿಯಲ್ಲೇ ಸಿಗುವ ಜಾಗ. ತಂದಿಡುವುದಷ್ಟೇ ಅವನ ಕೆಲಸ. ಅವತ್ತೇ, ಭಾನುವಾರ ಸಂಜೆ, ಸಾಹೇಬರೇ ಬಂದು ಒಯ್ಯುವುದೆಂದು ಮಾತಾಗಿತ್ತು. ಇಂಥ ಕೆಲಸಕ್ಕೆ ಅವನು ಕುಣಿದು ಒಪ್ಪಿಕೊಳ್ಳಲು ಕಾರಣವಿತ್ತು. ನಾಗಪುರದ ಶಾಖೆಗೆ ಒಬ್ಬ ಗುಮಾಸ್ತನನ್ನು ಕಳಿಸುತ್ತಾರೆಂದು ಆಫೀಸಿನಲ್ಲಿ ಗುಸುಗುಸು ಎದ್ದಿತ್ತು. ಯಾರನ್ನು ಕಳಿಸಬೇಕೆಂಬುದು ಸಾಹೇಬರ ಕೈಯಲ್ಲಿತ್ತು. ಅದು ತಾನಾಗಬಾರದೆಂಬುದೇ ತಿರುಮಲೇಶನ ಆಸೆ. ಗಂಡಹೆಂಡತಿ ವರ್ಷಗಟ್ಟಲೆ ಚಾಳಿನಲ್ಲಿ ನೀರಿಗೆ ಸಾಲು ನಿಂತು, ಈಗಷ್ಟೇ ಸ್ವಂತ ನಲ್ಲಿಯಿರುವ ಎರಡು ಕೋಣೆ ಕಂಡಿದ್ದರು. ಸುಮಿತ್ರಾ ಆ ನಲ್ಲಿಗೂ ಅರಿಶಿನ ಹಚ್ಚಿದ್ದಳು.

ಕುಂಕುಮದಲ್ಲೇ ನಿಂತಿದ್ದರೆ ಕತೆಯಿರಲಿಲ್ಲ. ಅಷ್ಟರಲ್ಲಿ ಕೆಳಗಿನ ಮನೆಯ ಚೆನ್ನಯ ಬಂದರು. ಉಡುಪಿಯ ಕಡೆಯವರು, ಸ್ಟೇಷನ್ ಎದುರು ಹೋಟೆಲು. ಉಪಕಾರ ಮಾಡಲು ಯಾರೂ ಸಿಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

"ಪೂಜೆ ಆಯ್ತು, ಮಿಷನ್ ಓಡ್ಲಿಲ್ವಾ?" ಎಂದರು. "ಬೆಳಿಗ್ಗೆ ನನ್ನ ಸ್ಕೂಟರ್ ನಿಂಬೆಹಣ್ಣು ದಾಟಿ ಓಡಿದ್ದು ನೋಡಿದ್ರಲ್ಲ ಮಾರಾಯ್ರೆ. ಓಡದಿದ್ರೆ ಪೂಜೆ ಅರ್ಧ ಆದ ಹಾಗೆ."

ಅರ್ಧ ಪೂಜೆ! ನಿತ್ಯ ಸಂಧ್ಯಾವಂದನೆ ತಪ್ಪಿಸದ ತಿರುಮಲೇಶನಿಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. "ಬರೀ ಒಂದು ಗಳಿಗೆ ಹಾಕಿ ತೆಗೆಯೋಣ," ಎಂದ.

ನಮ್ಮ ಗೋಡೆಯ ತೂತು ದುಂಡಗಿತ್ತು, ಅಮೆರಿಕದ ಅಡಾಪ್ಟರಿನ ಕಾಲು ಚಪ್ಪಟೆಯಾಗಿತ್ತು. ಜಾತಕ ಕೂಡಲಿಲ್ಲವೆಂದು ಅಲ್ಲಿಗೇ ಕೈಬಿಡಬಹುದಿತ್ತು. ಆದರೆ ಚೆನ್ನಯ ಬಿಡುವವರಲ್ಲ. ಎರಡು ತುಂಡು ವೈರು, ಎರಡು ಬೆಂಕಿಕಡ್ಡಿ ತಂದು, ಆ ಕಾಲುಗಳಿಗೆ ಸುತ್ತಿ, ತೂತಿಗೆ ಸಿಕ್ಕಿಸಿ, "ನನ್ನ ಗ್ರೈಂಡರ್ ಹೀಗೇ ಓಡುದು" ಎಂದು ಮದುವೆ ಮಾಡಿಸಿಯೇಬಿಟ್ಟರು. ಸ್ವಿಚ್ಚು ಹಾಕುವುದಕ್ಕೂ ಸುಮಿತ್ರಾ ಧೂಪದ ಬಟ್ಟಲು ಹಿಡಿದು ಬರುವುದಕ್ಕೂ ಸರಿಹೋಯಿತು.

ಕೋಣೆಯ ತುಂಬ ಹೊಗೆ ಎದ್ದಿತು. ಚೆನ್ನಯ ಕಣ್ಣುಮುಚ್ಚಿ ಕೈಮುಗಿದರು. "ಈ ಸಲ ಸಾಂಬ್ರಾಣಿ ಗಟ್ಟಿ ಉಂಟಕ್ಕ."

"ಸಾಂಬ್ರಾಣಿ ಇನ್ನೂ ಹಾಕೇ ಇಲ್ಲ," ಎಂದಳು ಸುಮಿತ್ರಾ.

ಟಪ್ ಎಂದಿತು. ಅಡಾಪ್ಟರಿನ ಮೂಗಿನಿಂದ ಕೊನೆಯ ಹೊಗೆ ಸುರುಳಿ ಸುತ್ತಿ ಮೇಲೆ ಹೋಯಿತು. ಡಬ್ಬಿಯ ಕೆಂಪು ದೀಪ ಹತ್ತಲೇ ಇಲ್ಲ.

ಸಾಹೇಬರು ಬರಲು ಇನ್ನು ಸ್ವಲ್ಪವೇ ಹೊತ್ತಿತ್ತು. ಸತ್ತ ಅಡಾಪ್ಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಿರುಮಲೇಶ ಚೆನ್ನಯರ ಹಿಂದೆ ಓಡಿದ. ಸ್ಟೇಷನ್ನಿನ ಪಕ್ಕದಲ್ಲಿ ಪೂವಪ್ಪನ ರೇಡಿಯೋ ರಿಪೇರಿ ಅಂಗಡಿ. ಪುಣ್ಯಕ್ಕೆ ಬಾಗಿಲು ತೆರೆದಿತ್ತು. ಒಳಗೆ ಸ್ಕ್ರೂಡ್ರೈವರು, ಇಕ್ಕಳ, ಕತ್ತರಿ ಎಲ್ಲವೂ ಚೆಂಡುಹೂವಿನ ಕೆಳಗೆ ಸಾಲಾಗಿ ಮಲಗಿದ್ದವು. ಪಕ್ಕದಲ್ಲಿ ಪೂವಪ್ಪ ಕೈಕಟ್ಟಿ ಕೂತಿದ್ದ.

ಅಡಾಪ್ಟರನ್ನು ಮೂಸಿ ನೋಡಿದ. "ಇದು ಹೋಯ್ತು. ಅಲ್ಲಿಯ ಕರೆಂಟು ನೂರಹತ್ತು, ಇಲ್ಲಿಯದು ಇನ್ನೂರಮೂವತ್ತು. ಹಸುಗೂಸಿಗೆ ಪೈಲ್ವಾನನ ಊಟ ಹಾಕಿದ್ದೀರಿ. ಒಳಗಿನ ಡಬ್ಬಿ ಬದುಕಿರಬಹುದು."

"ಸರಿ ಮಾಡಿಕೊಡಿ ಪೂವಪ್ಪ, ಕೈಮುಗೀತೀನಿ!"

"ನಾಳೆ ಬನ್ನಿ. ಇವತ್ತು ಆಯುಧ ಮುಟ್ಟುವ ಹಾಗಿಲ್ಲ."

ತಿರುಮಲೇಶ ಬೇರೆಯವನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ. ಆದರೆ ತಾನೂ ಬೆಳಿಗ್ಗೆ ಪೆನ್ನನ್ನು ಪೂಜೆಗಿಟ್ಟು, ಹಾಲಿನವನ ಲೆಕ್ಕವನ್ನು ಬಾಯಲ್ಲೇ ಹೇಳಿ ಕಳಿಸಿದವನು. ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಅವನ ಮುಖ ನೋಡಿ ಪೂವಪ್ಪನ ಮನಸ್ಸು ಕರಗಿತು.

"ಆ ಶೆಲ್ಫಿನಲ್ಲಿ ಟೇಪ್‌ರೆಕಾರ್ಡರಿನ ಎಲಿಮಿನೇಟರ್ ಉಂಟು, ಇಲ್ಲಿಯ ಕರೆಂಟಿನ ಅಡಾಪ್ಟರು. ಅದು ಆಯುಧ ಅಲ್ಲ, ಮಾಲು. ತಕ್ಕೊಳ್ಳಿ. ನಿಮ್ಮ ಅಡಾಪ್ಟರಿನ ವೈರು ಕತ್ತರಿಸಿ ಅದಕ್ಕೆ ಜೋಡಿಸ್ಬೇಕು."

"ಏತರಲ್ಲಿ ಕತ್ತರಿಸಲಿ?"

ಪೂವಪ್ಪ ಯೋಚಿಸಿದ. "ಹಲ್ಲು ಪೂಜೆಗೆ ಇಟ್ಟಿದ್ದೀರಾ?"

"ಇಲ್ಲ."

"ಹಾಗಾದ್ರೆ ಕಚ್ಚಿ."

ಮಲಾಡ್ ಸ್ಟೇಷನ್ನಿಗೆ ಹೋಗಿಬರುವ ಜನರ ಕಣ್ಣೆದುರಿಗೆ, ಪಂಚೆ ಉಟ್ಟು ಹಣೆಗೆ ನಾಮ ಇಟ್ಟ ಗೃಹಸ್ಥನೊಬ್ಬ ಕಬ್ಬು ಸಿಗಿಯುವವನಂತೆ ಕರೆಂಟಿನ ವೈರು ಸಿಗಿಯುತ್ತ ಕೂತ. ಗುರು ಕೈಕಟ್ಟಿಕೊಂಡೇ ಪಾಠ ಹೇಳಿದ: "ಗೆರೆ ಇರುವ ವೈರಿಗೆ ಗೆರೆ ಇರುವುದನ್ನೇ ಸುತ್ತಿ. ಹಾಗಲ್ಲ, ಹೂಬತ್ತಿ ಹೊಸೆಯುವ ಹಾಗೆ. ಈಗ ಟೇಪು ಸುತ್ತಿ. ಉಗುಳಿ, ಪ್ಲಾಸ್ಟಿಕ್ ನುಂಗ್ಬೇಡಿ."

"ಭೇಷ್!" ಎಂದರು ಚೆನ್ನಯ. ನೋಡಲು ನಿಂತಿದ್ದವರೂ ತಲೆದೂಗಿದರು.

ಮನೆಗೆ ಬಂದು ಎಲ್ಲವನ್ನೂ ಜೋಡಿಸಿದ ತಿರುಮಲೇಶ, ಸ್ವಿಚ್ಚಿನ ಮೇಲೆ ಬೆರಳಿಟ್ಟು ದೇವರ ಗೂಡಿನ ಕಡೆ ತಿರುಗಿದ. ಕಣ್ಣಲ್ಲಿ ನೀರಾಡಿತು.

"ತಾಯಿ ಚಾಮುಂಡಿ, ಆ ಕೆಂಪು ದೀಪ ಒಂದನ್ನು ಹತ್ತಿಸಿಬಿಡು. ಈ ವರ್ಷ ನಿನ್ನ ಹತ್ರ ಇನ್ನೇನೂ ಕೇಳಲ್ಲ. ಆಣೆ ಮಾಡ್ತೀನಿ."

ಸ್ವಿಚ್ಚು ಅದುಮಿದ. ದೀಪ ಹತ್ತಿತು! ಟಿವಿಯ ಮೇಲೆ ಪುಟ್ಟದೊಂದು ವಿಮಾನ ಪೀಂ ಪೀಂ ಎನ್ನುತ್ತ ಓಲಾಡಿತು. ಸುಮಿತ್ರಾ ಉಳಿದ ನಿಂಬೆಹಣ್ಣನ್ನು ನಿವಾಳಿಸಿ ಬಾಗಿಲಾಚೆ ಎಸೆದಳು. ಅದು ಉರುಳಿಕೊಂಡು ಹೋಗಿ, ಮೆಟ್ಟಿಲು ಹತ್ತಿ ಬರುತ್ತಿದ್ದ ರಾಮಸ್ವಾಮಿ ಸಾಹೇಬರ ಬೂಟಿನ ಹತ್ತಿರ ನಿಂತಿತು.

ಸಾಹೇಬರು ಅದನ್ನು ದಾಟಿ ಒಳಗೆ ಬಂದು, ಕುಂಕುಮ ಹೊತ್ತ ಡಬ್ಬಿಯನ್ನು ನೋಡಿ ನಕ್ಕರು. ಕೈಚೀಲದಿಂದ ಏನನ್ನೋ ತೆಗೆದರು. ಹೊಸ ಎಲಿಮಿನೇಟರು!

"ನನ್ನ ಭಾವಮೈದ ಫೋನ್ ಮಾಡಿದ್ದ ಕಣ್ರೀ. ಅವನು ಕೊಟ್ಟ ಅಡಾಪ್ಟರು ಇಲ್ಲಿ ಹಾಕಿದ್ರೆ ಸುಟ್ಟೇ ಹೋಗತ್ತಂತೆ. ಅದನ್ನ ಬಿಸಾಕಿ ಅಂತ ಹೇಳೋಣ ಅಂದ್ಕೊಂಡೇ ಬಂದೆ."

ತಿರುಮಲೇಶ ಹಲ್ಲು ನೀವಿಕೊಂಡ. ಪಟ್ಟ ಪಾಡೆಲ್ಲ ದಂಡವಾಗಿತ್ತು. ಇರಲಿ, ಸಾಹೇಬರಿಗೆ ಕೋಪವಿಲ್ಲ, ಅಷ್ಟೇ ಸಾಕು. ಅವನು ಬಾಯಿ ತೆರೆಯುವಷ್ಟರಲ್ಲಿ ಚೆನ್ನಯ ಮುಂದೆ ಬಂದರು. ಉಪಕಾರ ಇನ್ನೂ ಮುಗಿದಿರಲಿಲ್ಲ.

"ಅದೆಲ್ಲ ಬೇಡ ಸಾರ್! ನಮ್ಮ ತಿರುಮಲೇಶ್ ಆಗ್ಲೇ ರಿಪೇರಿ ಮಾಡಿ ಆಯ್ತು. ಒಂದು ಸ್ಕ್ರೂಡ್ರೈವರ್ ಮುಟ್ಲಿಲ್ಲ, ಎಲ್ಲ ಹಲ್ಲಲ್ಲೇ! ಇಂಥ ಜನ ನಿಮಗೆ ಇಡೀ ಬಾಂಬೆಯಲ್ಲಿ ಸಿಗುದಿಲ್ಲ."

ಸಾಹೇಬರು ವೈರಿನ ಗಂಟನ್ನು ಬೆರಗಿನಿಂದ ಮುಟ್ಟಿ ನೋಡಿದರು. "ಏನ್ರೀ ಇದು! ನಿಮಗೆ ಪೆನ್ನು ಬಿಟ್ಟು ಬೇರೇನೂ ಬರಲ್ಲ ಅಂದ್ಕೊಂಡು ನಾಗಪುರದ ಮಾತು ಬಂದಾಗ ನಿಮ್ಮನ್ನ ಬಿಟ್ಟುಬಿಟ್ಟಿದ್ದೆ. ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಬಂದಿದೆ. ಕರೆಂಟು ಒಂದು ಸಲ ಹೆಚ್ಚು, ಒಂದು ಸಲ ಕಮ್ಮಿ. ಮುಟ್ಟೋಕೆ ಎಲ್ಲರಿಗೂ ಭಯ. ನಿಮ್ಮಂಥ ಧೈರ್ಯಸ್ಥರೇ ಬೇಕು. ದೀಪಾವಳಿ ಕಳೆದ ಮೇಲೆ ಹೊರಟುಬಿಡಿ."

ಡಬ್ಬಿಯೂ ಸಾಹೇಬರೂ ಮೆಟ್ಟಿಲಿಳಿದು ಹೋದರು. ಚೆನ್ನಯ ಆ ಕಡೆಯೇ ನೋಡುತ್ತ, "ಪ್ರಮೋಷನ್ನಾ ಮಾರಾಯ್ರೆ?" ಎಂದು ಮೆಲ್ಲಗೆ ಕೇಳಿದರು.

ಒಳಗೆ ಸ್ವಂತ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಸುಮಿತ್ರಾ ಕಣ್ಣೊರೆಸಿಕೊಂಡಳು. "ತಾಯಿಯನ್ನೇ ಕೇಳ್ಕೊಳ್ಳಿ. ಅವಳು ಮನಸ್ಸು ಮಾಡಿದ್ರೆ ನಾಗಪುರ ತಪ್ಪಿಸೋದು ಎಷ್ಟು ಹೊತ್ತು?"

ತಿರುಮಲೇಶ ದೇವರ ಗೂಡಿನ ಮುಂದೆ ನಿಂತು ಎರಡೂ ಕೈ ಎತ್ತಿದ. ದೀಪದ ಬೆಳಕಿನಲ್ಲಿ ತಾಯಿ, ಕೇಳಿದ್ದನ್ನು ಕೊಟ್ಟು ಮುಗಿಸಿದವಳ ಹಾಗೆ ತಣ್ಣಗೆ ನಗುತ್ತಿದ್ದಳು.

ಅವನು ಕೈಗಳನ್ನು ಮೆಲ್ಲಗೆ ಇಳಿಸಿದ.

"ಯಾಕ್ರೀ?"

"ಈ ವರ್ಷದ್ದು ಆಗ್ಲೇ ಕೇಳಿಬಿಟ್ಟಿದೀನಿ ಕಣೆ," ಎಂದ.